ಏಳು ಮಂದಿಯ ಗುಂಪಿನಲ್ಲಿ ಆಡಿದ ಮಾತು

ಪ್ರಶ್ನೆ: ನನಗೆ 41 ವರ್ಷ, ದಕ್ಷಿಣ ಕೊಡಗಿನವನು. ಹದಿನಾಲ್ಕು ವರ್ಷಗಳಿಂದ ಸ್ಥಳೀಯ ಕೇಬಲ್ ವಾಹಿನಿಯೊಂದರಲ್ಲಿ ವಾರ್ತೆ ಓದುತ್ತಿದ್ದೆ. ಬೇಸಿಗೆಯಲ್ಲಿ ಹಾಕಿ, ಫುಟ್ಬಾಲ್ ಪಂದ್ಯಾವಳಿಗಳಿಗೆ ವೀಕ್ಷಕ ವಿವರಣೆ ನೀಡುತ್ತಿದ್ದೆ. ಕಳೆದ ವರ್ಷ ನಮ್ಮ ವಾಹಿನಿಗೆ ಎರವ ಎಂಬ ಬುಡಕಟ್ಟು ಸಮುದಾಯದ ಹುಡುಗಿಯೊಬ್ಬಳು ನಿರೂಪಕಿಯಾಗಿ ಸೇರಿದಳು. ಒಂದು ರಾತ್ರಿ, ಶಾಲೆಯ ದಿನಗಳ ಏಳು ಮಂದಿ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಆಕೆಯ ಬಣ್ಣ, ಉಚ್ಚಾರಣೆ ಮತ್ತು ತೋಟದ ಕೂಲಿಯವರು ಇರುವ ಲೈನ್‌ಮನೆಯ ಹಿನ್ನೆಲೆಯ ಬಗ್ಗೆ ಹೇಳಬಾರದ ಮಾತನ್ನು ವಾಯ್ಸ್ ಮೆಸೇಜ್ ಮಾಡಿ ಹಾಕಿದೆ. ಎಲ್ಲರೂ ನಕ್ಕರು. ಅವರಲ್ಲೇ ಒಬ್ಬ ಅದನ್ನು ಹೊರಗೆ ಕಳುಹಿಸಿದ. ಎರಡು ದಿನಗಳಲ್ಲಿ ಗೋಣಿಕೊಪ್ಪದಿಂದ ಕುಶಾಲನಗರದ ತನಕ ಹರಡಿತು. ವಾಹಿನಿಯ ಮಾಲೀಕರು ಫೋನಿನಲ್ಲಿಯೇ ‘ನಾಳೆಯಿಂದ ಬರಬೇಡಿ’ ಎಂದರು. ಪರದೆಯ ಮೇಲೆ ನಾನು ಒಂದು ದಿನವೂ ಕೆಟ್ಟ ಮಾತು ಆಡಿದವನಲ್ಲ. 2018ರಲ್ಲಿ ಗುಡ್ಡ ಕುಸಿದಾಗ ಯಾವ ಜಾತಿಯೆಂದು ಕೇಳದೆ ಎಲ್ಲರಿಗೂ ಅಕ್ಕಿ, ಕಂಬಳಿ ಹೊತ್ತವನು. ಖಾಸಗಿ ಮಾತಿಗಾಗಿ ಅನ್ನ ಕಿತ್ತುಕೊಳ್ಳುವುದು ನ್ಯಾಯವೇ? ಗೆಳೆಯನ ಮೇಲೆ ದೂರು ಕೊಡಲೇ? ಅವಳೂ ಈಗ ಕೆಲಸಕ್ಕೆ ಬರುತ್ತಿಲ್ಲವಂತೆ. ಒಂಬತ್ತನೇ ತರಗತಿಯಲ್ಲಿರುವ ಮಗಳು ಕೇಳಿದಾಗ, ಆ ಆಡಿಯೋವನ್ನು ಯಾರೋ ತಿರುಚಿದ್ದಾರೆ ಎಂದು ಹೇಳಿಬಿಟ್ಟೆ. – ಹೆಸರು ಬೇಡ

ಉತ್ತರ: ಆತ್ಮೀಯರೇ, ನೀವು ಬರೆದದ್ದು ಆರು ಪುಟ. ಅಚ್ಚಿಗಾಗಿ ಅದನ್ನು ಕಿರಿದು ಮಾಡಿದ್ದೇನೆ, ಆದರೆ ಪ್ರಮಾಣವನ್ನು ಬದಲಿಸಿಲ್ಲ. ಗೆಳೆಯನ ದ್ರೋಹಕ್ಕೆ ಎರಡು ಪುಟ, ಮಾಲೀಕರ ಅವಸರಕ್ಕೆ ಒಂದೂವರೆ ಪುಟ, ನಿಮ್ಮ ಹದಿನಾಲ್ಕು ವರ್ಷಗಳ ದುಡಿಮೆಗೆ ಇನ್ನೆರಡು ಪುಟ ಕೊಟ್ಟಿದ್ದೀರಿ. ಆ ಹುಡುಗಿಗೆ ಸಿಕ್ಕಿರುವುದು ನಾಲ್ಕು ಪದಗಳ ಒಂದು ವಾಕ್ಯ: ‘ಅವಳೂ ಈಗ ಕೆಲಸಕ್ಕೆ ಬರುತ್ತಿಲ್ಲವಂತೆ.’ ಪತ್ರವನ್ನು ಮೂರು ಸಲ ಓದಿದ ಮೇಲೂ ನನ್ನ ಮನಸ್ಸು ನಿಂತದ್ದು ಆ ವಾಕ್ಯದಲ್ಲಿ. ಈ ಪ್ರಕರಣದಲ್ಲಿ ಕೆಲಸ ಕಳೆದುಕೊಂಡವರು ಇಬ್ಬರು. ಮಾತು ಆಡಿದವರು ನೀವೊಬ್ಬರೇ.

ಮೊದಲು ನಿಮ್ಮ ನೋವಿನ ಮಾತನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ಸತ್ಯಾಂಶವಿದೆ. ನಂಬಿ ಆಡಿದ ಮಾತನ್ನು ಹೇಳದೆ ಕೇಳದೆ ಊರಿಗೆ ಹಂಚುವುದು ಸಣ್ಣ ವಿಷಯವಲ್ಲ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿದುದನ್ನು ನೀವು ಪತ್ರದಲ್ಲಿ ನೆನಪಿಸಿದ್ದೀರಿ. ಆ ತೀರ್ಪು ಮುಖ್ಯವಾಗಿ ಪ್ರಭುತ್ವಕ್ಕೂ ಪ್ರಜೆಗೂ ನಡುವಿನ ಗೆರೆಯನ್ನು ಕುರಿತದ್ದಾದರೂ, ಅದರ ಹಿಂದಿರುವ ಕಾಳಜಿ ನನ್ನದೂ ಹೌದು. ಮನುಷ್ಯನಿಗೆ ತೂಕ ಮಾಡದೆ ಮಾತಾಡುವ ಒಂದು ಜಾಗ ಬೇಕು. ಸಿಟ್ಟು, ಅಸೂಯೆ, ಅರೆಬೆಂದ ಅಭಿಪ್ರಾಯ ಎಲ್ಲವನ್ನೂ ಅಲ್ಲಿ ಸುರಿದು ಹಗುರಾಗಿ ಎದ್ದುಬರುವಂತಿರಬೇಕು. ನೀವು ಆ ಗುಂಪಿನಲ್ಲಿ ಒಬ್ಬ ಮಂತ್ರಿಯನ್ನು ಬೈದಿದ್ದರೆ, ನಿಮ್ಮ ಮಾಲೀಕರ ಜಿಪುಣತನವನ್ನು ಒರಟಾಗಿ ಆಡಿಕೊಂಡಿದ್ದರೆ, ಆ ಕಾರಣಕ್ಕೆ ಕೆಲಸ ಹೋಗಿದ್ದರೆ, ಈ ಅಂಕಣದಲ್ಲಿ ನಾನು ನಿಮ್ಮ ಪರವಾಗಿಯೇ ಬರೆಯುತ್ತಿದ್ದೆ. ಖಾಸಗಿ ಮಾತು ಹೊರಬಿದ್ದು ಕೆಲಸ ಹೋದ ಪ್ರಕರಣಗಳೆಲ್ಲವೂ ನ್ಯಾಯವೆಂದು ನಾನು ನಂಬುವವಳಲ್ಲ.

ಆದರೆ ನೀವು ಮಾತಾಡಿದ್ದು ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂರುವ, ನಿಮಗಿಂತ ಕಿರಿಯಳಾದ, ನೀವು ಕಲಿಸಿಕೊಡಬೇಕಾಗಿದ್ದ ಒಬ್ಬಳನ್ನು ಕುರಿತು. ಅದೂ ಆಕೆಯ ಕೆಲಸದಲ್ಲಿ ಕಂಡ ತಪ್ಪಿನ ಬಗ್ಗೆಯಲ್ಲ, ಹುಟ್ಟಿನ ಬಗ್ಗೆ. ರಾತ್ರಿ ಗುಂಪಿನಲ್ಲಿ ಅದನ್ನು ಹೇಳಿದವರು ಬೆಳಿಗ್ಗೆ ಎದ್ದು, ಆಕೆ ಓದಿದ ವಾರ್ತೆ ಚೆನ್ನಾಗಿತ್ತೋ ಇಲ್ಲವೋ ಎಂದು ಹಿರಿಯರ ಸ್ಥಾನದಲ್ಲಿ ಕುಳಿತು ತೀರ್ಮಾನಿಸುತ್ತಿದ್ದಿರಿ. ಅಂಥ ಮಾತು ಖಾಸಗಿಯಾಗಿ ಉಳಿಯುವುದಿಲ್ಲ. ಅದು ಹೊರಗೆ ಬಾರದೆ ಹೋಗಿದ್ದರೂ, ಯಾವ ಕಾರ್ಯಕ್ರಮ ಆಕೆಗೆ, ಯಾವುದು ಬೇರೆಯವರಿಗೆ ಎಂಬ ನಿಮ್ಮ ಸಲಹೆಯೊಳಗೆ ಸದ್ದಿಲ್ಲದೆ ಕೆಲಸ ಮಾಡುತ್ತಲೇ ಇರುತ್ತಿತ್ತು.

‘ಪರದೆಯ ಮೇಲೆ ಎಂದೂ ಆಡಿಲ್ಲ’ ಎಂಬ ಸಮಾಧಾನ ನಿಮ್ಮ ವೃತ್ತಿಯಲ್ಲಿ ಹಳೆಯದು. 2004ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಹೆಸರಾಂತ ಫುಟ್ಬಾಲ್ ವಿವರಣೆಗಾರ ರಾನ್ ಅಟ್ಕಿನ್ಸನ್, ಮೊನಾಕೊ ಮತ್ತು ಚೆಲ್ಸಿ ತಂಡಗಳ ಪಂದ್ಯ ಮುಗಿದ ಮೇಲೆ, ಮೈಕ್ ಆಫ್ ಆಗಿದೆಯೆಂದು ತಿಳಿದು, ಮಾರ್ಸೆಲ್ ದೆಸೈಯಿ ಎಂಬ ಕಪ್ಪು ಆಟಗಾರನ ಬಗ್ಗೆ ಜನಾಂಗನಿಂದೆಯ ಮಾತಾಡಿದರು. ಬ್ರಿಟನ್ನಿನಲ್ಲಿ ಪ್ರಸಾರ ಮುಗಿದಿತ್ತು, ಆದರೆ ಮಧ್ಯಪ್ರಾಚ್ಯದ ಕೆಲವು ದೇಶಗಳಲ್ಲಿ ಆ ಮಾತು ಕೇಳಿಸಿತು. ಅವರು ಐಟಿವಿ ವಾಹಿನಿಗೆ ರಾಜೀನಾಮೆ ಕೊಟ್ಟರು. ನಿಮ್ಮ ಅಕ್ಕಿ, ಕಂಬಳಿಯ ಮಾತು ಓದಿದಾಗ ನನಗೆ ನೆನಪಾದದ್ದು ಅವರೇ. ಏಕೆಂದರೆ 1970ರ ದಶಕದ ಕೊನೆಯಲ್ಲಿ, ಕಪ್ಪು ಆಟಗಾರರನ್ನು ಇಂಗ್ಲೆಂಡಿನ ಪ್ರೇಕ್ಷಕರು ಬಾಯಿಗೆ ಬಂದಂತೆ ಬೈಯುತ್ತಿದ್ದ ಕಾಲದಲ್ಲಿ, ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ತಂಡದ ವ್ಯವಸ್ಥಾಪಕರಾಗಿ ಮೂವರು ಕಪ್ಪು ಆಟಗಾರರನ್ನು ಒಟ್ಟಿಗೆ ಕಣಕ್ಕಿಳಿಸಿದವರೂ ಇದೇ ಅಟ್ಕಿನ್ಸನ್. ಆ ಕೆಲಸ ಸುಳ್ಳಲ್ಲ. ಈ ಮಾತೂ ಸುಳ್ಳಲ್ಲ. ಎರಡೂ ಒಬ್ಬನೇ ಮನುಷ್ಯನವು. 2018ರ ಆಗಸ್ಟ್‌ನಲ್ಲಿ ನೀವು ಕೆಸರಿನಲ್ಲಿ ನಡೆದು ಹಂಚಿದ ಅಕ್ಕಿಯನ್ನು ಯಾರೂ ನಿಮ್ಮಿಂದ ಕಿತ್ತುಕೊಳ್ಳಲಾರರು, ಆದರೆ ಅದನ್ನು ಈ ಲೆಕ್ಕಕ್ಕೆ ಜಮೆ ಮಾಡಲು ಬರುವುದಿಲ್ಲ. ಸಂಕಟದಲ್ಲಿರುವವರಿಗೆ ಕೈಯೆತ್ತಿ ಕೊಡುವಾಗ ನಾವು ಮೇಲೆ ನಿಂತಿರುತ್ತೇವೆ. ಅದೇ ಮನೆಯ ಹುಡುಗಿ ಓದಿಕೊಂಡು ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತಾಗ ನಮ್ಮೊಳಗೆ ಏನಾಗುತ್ತದೆ ಎಂಬುದೇ ಬೇರೆ ಪ್ರಶ್ನೆ, ಮತ್ತು ನಿಮ್ಮ ಮೆಸೇಜ್ ಉತ್ತರಿಸಿದ್ದು ಆ ಪ್ರಶ್ನೆಗೆ.

ನಾನು ಇದನ್ನು ಹೊರಗೆ ನಿಂತು ಹೇಳುತ್ತಿಲ್ಲ. ಕಾಫಿ ತೋಟದ ನಡುವಿನ ಮನೆಯಲ್ಲಿ ಬೆಳೆದವಳು ನಾನು. ಸಂಜೆ ಜಗಲಿಯಲ್ಲಿ ಹಿರಿಯರು ಕುಳಿತರೆ ಕೆಳಗೆ ಲೈನ್‌ಮನೆಗಳ ಹೊಗೆ ಕಾಣಿಸುತ್ತಿತ್ತು. ಕೊಯ್ಲಿಗೆ ಯಾರು ಬಂದರು, ಯಾರು ತಪ್ಪಿಸಿಕೊಂಡರು ಎಂಬ ಮಾತಿನ ನಡುವೆ ಆ ಮನೆಗಳವರ ಬಗ್ಗೆ ಬರುತ್ತಿದ್ದ ವಿಶೇಷಣಗಳನ್ನು ನಾವು ಮಕ್ಕಳು ಕೇಳಿ ಕೇಳಿ ಕಲಿತೆವು. ಅವು ಬೈಗುಳವೆಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಎರವರನ್ನು ಗದ್ದೆಯ ಜೊತೆಗೇ ಕೈಯಿಂದ ಕೈಗೆ ದಾಟಿಸುತ್ತಿದ್ದ ಕಾಲವೊಂದು ಈ ನಾಡಿನಲ್ಲಿತ್ತು. ಜೀತ ಪದ್ಧತಿಯನ್ನು ಕಾನೂನು ರದ್ದುಗೊಳಿಸಿದ್ದು 1976ರಲ್ಲಿ. ನಿಮ್ಮ ಬಾಯಿಂದ ಬಂದದ್ದು ಆ ರಾತ್ರಿ ನೀವು ಹೊಸದಾಗಿ ಕಟ್ಟಿದ ಮಾತಲ್ಲ, ಜಗಲಿಯಿಂದ ಬಂದದ್ದು. ಇದು ನಿಮ್ಮ ತಪ್ಪನ್ನು ಕಡಿಮೆ ಮಾಡುವುದಿಲ್ಲ. ಎಲ್ಲಿ ಅಗೆಯಬೇಕೆಂಬುದನ್ನು ಮಾತ್ರ ತೋರಿಸುತ್ತದೆ. (ನೀವು ಯಾವ ಸಮುದಾಯದವರೆಂದು ಬರೆದಿದ್ದೀರಿ. ಬೇಕೆಂದೇ ಅದನ್ನು ಅಚ್ಚು ಮಾಡಿಲ್ಲ. ಈ ಜಗಲಿ ಒಂದು ಸಮುದಾಯದ್ದಲ್ಲ.)

ಉಚ್ಚಾರಣೆಯ ವಿಷಯಕ್ಕೆ ನನಗೆ ಹೆಚ್ಚು ನೋವಾಯಿತು. ಮೈಸೂರಿನ ಕಾಲೇಜಿನಲ್ಲಿ ನಿಮ್ಮ ಕನ್ನಡ ಕೇಳಿ ಸಹಪಾಠಿಗಳು ನಗುತ್ತಿದ್ದರೆಂದು, ಹಟ ಹಿಡಿದು ನಾಲಿಗೆ ತಿದ್ದಿಕೊಂಡೆನೆಂದು ನೀವೇ ನಾಲ್ಕನೇ ಪುಟದಲ್ಲಿ ಹೆಮ್ಮೆಯಿಂದ ಬರೆದಿದ್ದೀರಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಎರವ ಭಾಷೆಗಳ ಈ ಜಿಲ್ಲೆಯಲ್ಲಿ ಕನ್ನಡವನ್ನು ಶಾಲೆಯಲ್ಲಿ ಕಲಿತವರೇ ಬಹಳ ಮಂದಿ. ಹಾಡಿಯ, ಎಂದರೆ ಬುಡಕಟ್ಟು ಜನರ ಕೇರಿಯ, ಮನೆಯಿಂದ ಹೊರಟು ಕ್ಯಾಮೆರಾದ ಮುಂದೆ ಕೂರುವ ತನಕ ಆ ಹುಡುಗಿ ತಿದ್ದಿಕೊಂಡದ್ದೆಷ್ಟೆಂದು ಊಹಿಸಬಲ್ಲವರು ಆ ಕಚೇರಿಯಲ್ಲಿ ಯಾರಾದರೂ ಇದ್ದರೆ ಅದು ನೀವೇ ಆಗಿದ್ದಿರಿ.

ಇನ್ನು ಗೆಳೆಯನ ಮೇಲಿನ ದೂರು. ಕೊಡಬೇಡಿ, ಈಗಂತೂ ಬೇಡ. ಆತ ಏಕೆ ಕಳುಹಿಸಿದನೆಂದು ಒಮ್ಮೆಯಾದರೂ ಕೇಳಿದ್ದೀರಾ? ಎಲ್ಲರೂ ನಕ್ಕರೆಂದು ಬರೆದಿದ್ದೀರಿ. ಬಹುಶಃ ಒಬ್ಬ ನಕ್ಕಿರಲಿಲ್ಲ. ಆತನ ಉದ್ದೇಶ ಹಗೆಯೂ ಆಗಿರಬಹುದು. ಆದರೂ ನಿಮ್ಮ ಮೊದಲ ಹೆಜ್ಜೆ ಠಾಣೆಯ ಕಡೆಗಾದರೆ, ಮಾತಾಡಿದ್ದಕ್ಕಲ್ಲ, ಮಾತು ಹೊರಬಿದ್ದದ್ದಕ್ಕೆ ಮಾತ್ರ ನಿಮಗೆ ಬೇಸರವೆಂದು ಆ ಹುಡುಗಿಗೆ ನೀವೇ ಬರೆದುಕೊಟ್ಟಂತಾಗುತ್ತದೆ. ಕಾನೂನಿನ ಇನ್ನೊಂದು ಮುಖವೂ ಇದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ, 1989 ಇಂಥ ಅವಮಾನವನ್ನು ಅಪರಾಧವೆಂದು ಪರಿಗಣಿಸುವಾಗ ಅದು ಸಾರ್ವಜನಿಕರ ಕಣ್ಣೆದುರು ನಡೆದಿರಬೇಕೆಂಬ ಮಾತನ್ನು ಒಳಗೊಂಡಿದೆ. ನಾಲ್ಕು ಗೋಡೆಗಳ ನಡುವಿನ ಮಾತಿಗೆ ಅದು ಅನ್ವಯಿಸದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಹೇಳಿದೆ. ನಿಮ್ಮ ಗುಂಪು ಯಾವ ಕಡೆಗೆ ಸೇರುತ್ತದೆಂಬುದನ್ನು ವಕೀಲರಲ್ಲಿ ಕೇಳಿಕೊಳ್ಳಿ. ಆಕೆ ದೂರು ಕೊಡಲು ಬಯಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಆಕೆಗೆ ಉಚಿತ ನೆರವು ಸಿಗುತ್ತದೆ. ಅದು ಆಕೆಯ ಹಕ್ಕು. ತಡೆಯಲು, ರಾಜಿ ಮಾಡಿಸಲು ಊರಿನ ದೊಡ್ಡವರನ್ನಾಗಲೀ ಆಳುಗಳ ಲೆಕ್ಕ ನೋಡುವ ತೋಟದ ರೈಟರನ್ನಾಗಲೀ ಹಾಡಿಗೆ ಕಳುಹಿಸಬೇಡಿ. ಹೀಗೆ ಕಳುಹಿಸುವ ಯೋಚನೆ ನಿಮ್ಮ ಅಣ್ಣನಿಗೆ ಇದೆಯೆಂದು ಬರೆದಿದ್ದೀರಿ. ಅವರನ್ನು ತಡೆಯುವುದು ಈ ವಾರದ ಮೊದಲ ಕೆಲಸ.

ಮಾಲೀಕರ ಬಗ್ಗೆ ನಿಮ್ಮ ದೂರಿನಲ್ಲಿ ಹುರುಳಿದೆ. ಹದಿನಾಲ್ಕು ವರ್ಷ ದುಡಿದವರನ್ನು ಕಾರಣ ಕೇಳುವ ನೋಟಿಸೂ ಇಲ್ಲದೆ ಫೋನಿನಲ್ಲಿ ಕಳುಹಿಸುವುದು ಸರಿಯಲ್ಲ. ಬಾಕಿ ಸಂಬಳ, ಸೇವಾ ಪತ್ರ ಮತ್ತು ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಕೆಲಸವನ್ನೇ ವಾಪಸು ಕೊಡಿ ಎಂದು ಮಾತ್ರ ಈಗ ಕೇಳಬೇಡಿ. ವಾರ್ತೆ ಓದುವವರ ಬಂಡವಾಳ ದನಿ, ಆ ದನಿಯ ಮೇಲಿನ ನಂಬಿಕೆ. ನಾಳೆ ಹಾಡಿಗೆ ಆನೆ ನುಗ್ಗಿದ ಸುದ್ದಿಯನ್ನೋ ಹಕ್ಕುಪತ್ರದ ಹೋರಾಟದ ಸುದ್ದಿಯನ್ನೋ ನೀವು ಓದಿದರೆ, ಕೇಳುವವರಿಗೆ ಅದರ ಕೆಳಗೆ ಇನ್ನೊಂದು ದನಿಯೂ ಕೇಳುತ್ತಿರುತ್ತದೆ.

ಕ್ಷಮೆ ಕೇಳುವುದು ಹೇಗೆ ಎಂಬುದನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2020ರ ಆಗಸ್ಟ್‌ನಲ್ಲಿ ಅಮೆರಿಕದ ಬೇಸ್‌ಬಾಲ್ ವಿವರಣೆಗಾರ ಥಾಮ್ ಬ್ರೆನ್ನಮನ್, ಮೈಕ್ ಚಾಲೂ ಇರುವುದು ತಿಳಿಯದೆ ಸಲಿಂಗಿಗಳನ್ನು ಹೀನಾಯಿಸುವ ಪದ ಬಳಸಿ, ಅದೇ ದಿನ ಪ್ರಸಾರದ ನಡುವೆಯೇ ಕ್ಷಮೆ ಕೇಳತೊಡಗಿದರು. ಕ್ಷಮೆಯ ವಾಕ್ಯ ಅರ್ಧದಲ್ಲಿರುವಾಗ ಆಟಗಾರನೊಬ್ಬ ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರಿನಂಥ ಹೊಡೆತ) ಹೊಡೆದ. ಅವರು ವಾಕ್ಯ ನಿಲ್ಲಿಸಿ ಅದರ ವಿವರಣೆ ಕೊಟ್ಟು ಮತ್ತೆ ಕ್ಷಮೆಗೆ ಮರಳಿದರು. ಜನ ನೆನಪಿಟ್ಟುಕೊಂಡದ್ದು ಅದನ್ನೇ. ಮುಂದಿನ ತಿಂಗಳು ಅವರ ಕೆಲಸ ಹೋಯಿತು. ಆಮೇಲೆ ಅವರು ತಾವು ನೋಯಿಸಿದ ಸಮುದಾಯದವರನ್ನು ಸದ್ದಿಲ್ಲದೆ ಭೇಟಿಯಾಗಿ ಅವರ ಮಾತು ಕೇಳುತ್ತಾ ಹೋದರು. ರಾಷ್ಟ್ರಮಟ್ಟದ ವಾಹಿನಿಯೊಂದು ಅವರನ್ನು ಮತ್ತೆ ಕರೆದದ್ದು 2024ರಲ್ಲಿ, ನಾಲ್ಕು ವರ್ಷಗಳ ನಂತರ. ಆದ್ದರಿಂದ ನೀವು ಯೋಚಿಸಿರುವ ಫೇಸ್‌ಬುಕ್ ವಿಡಿಯೋ ಬೇಡ, ಹೂಗುಚ್ಛ ಹಿಡಿದ ಫೋಟೋ ಬೇಡ, ಹಾಡಿಗೆ ಹೋಗುವುದಂತೂ ಬೇಡವೇ ಬೇಡ. ನಿಮ್ಮ ಜೀಪು ಆ ಅಂಗಳದಲ್ಲಿ ನಿಂತರೆ ಅದು ಕ್ಷಮೆಯಾಗಿ ಕಾಣುವುದಿಲ್ಲ. ಒಂದು ಪತ್ರ ಬರೆಯಿರಿ. ಏನು ಹೇಳಿದಿರೋ ಅದನ್ನು ಮರೆಮಾಚದೆ ಹೆಸರಿಸಿ. ‘ನಿಮಗೆ ನೋವಾಗಿದ್ದರೆ’ ಎಂಬ ‘ಆಗಿದ್ದರೆ’ ಬೇಡ. ಆಕೆ ನಂಬುವ ಸಹೋದ್ಯೋಗಿಯೊಬ್ಬರ ಮೂಲಕ ತಲುಪಿಸಿ. ಉತ್ತರ ಬಾರದಿರಬಹುದು, ಅದನ್ನು ಕೇಳಿ ಮತ್ತೆ ಯಾರನ್ನೂ ಕಳುಹಿಸಬೇಡಿ.

ಎರಡನೆಯ ಪತ್ರ ಮಾಲೀಕರಿಗೆ. ಅದರಲ್ಲಿ ನಿಮ್ಮ ಬಾಕಿಯ ಮಾತು ಬೇಡ. ಆಕೆಯ ಕೆಲಸ ಆಕೆಗೆ ಉಳಿಯಬೇಕು, ಬಾರದ ದಿನಗಳ ಸಂಬಳ ಕಡಿತವಾಗಬಾರದು ಎಂಬುದಷ್ಟೇ ಇರಲಿ. 2011ರ ಜನವರಿಯಲ್ಲಿ ಇಂಗ್ಲೆಂಡಿನ ಸಹಾಯಕ ರೆಫರಿ ಸಿಯಾನ್ ಮ್ಯಾಸಿ ಅವರನ್ನು ಕುರಿತು ಪ್ರಸಾರದ ಹೊರಗೆ ಹಗುರವಾಗಿ ಮಾತಾಡಿದ್ದು ಬಯಲಾದ ಬೆನ್ನಲ್ಲೇ ಸ್ಕೈ ಸ್ಪೋರ್ಟ್ಸ್‌ನ ಆಂಡಿ ಗ್ರೇ ಕೆಲಸ ಕಳೆದುಕೊಂಡರು, ರಿಚರ್ಡ್ ಕೀಸ್ ರಾಜೀನಾಮೆ ಕೊಟ್ಟರು. ಇವರಿಬ್ಬರ ಕಥೆ ಎಲ್ಲರಿಗೂ ಗೊತ್ತು. ಗದ್ದಲ ಹೆಚ್ಚಾಯಿತೆಂದು ಅದೇ ವಾರ ಮ್ಯಾಸಿ ಅವರನ್ನೂ ಒಂದು ಪಂದ್ಯದ ಹೊಣೆಯಿಂದ ಹಿಂದೆ ಸರಿಸಲಾಗಿತ್ತು. ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಅವರು ಆ ಮಾತಿಗೆ ಗುರಿಯಾದ ಶನಿವಾರದ ಪಂದ್ಯದಲ್ಲಿ ಕೊಟ್ಟ ಬಿಕ್ಕಟ್ಟಿನ ತೀರ್ಪು ಕೂಡ ಸರಿಯಾಗಿಯೇ ಇತ್ತು. ಅವರು ಮತ್ತೆ ಮೈದಾನಕ್ಕೆ ಮರಳಿ ವರ್ಷಗಳ ಕಾಲ ಪ್ರೀಮಿಯರ್ ಲೀಗ್‌ನಲ್ಲಿ ಧ್ವಜ ಹಿಡಿದು ಓಡಿದರು. ನಿಮ್ಮ ವಾಹಿನಿಯ ಹುಡುಗಿ ಹಾಗೆ ಮರಳಲು ದಾರಿ ಇರಬೇಕು, ಮತ್ತು ಆ ದಾರಿಯಲ್ಲಿ ಬಿದ್ದಿರುವ ಮರ ನೀವು ಬೀಳಿಸಿದ್ದು.

ನಿಮ್ಮ ಜೀವನೋಪಾಯದ ಚಿಂತೆ ನನಗೆ ಅರ್ಥವಾಗುತ್ತದೆ. ಎರಡು ಎಕರೆ ಕಾಫಿಯಲ್ಲಿ ಮನೆ ನಡೆಯುವುದಿಲ್ಲ. ಸದ್ಯಕ್ಕೆ ದನಿ ಬೇಡದ ಕೆಲಸ ಹುಡುಕಿ. ವಿಡಿಯೋ ಸಂಕಲನ ಬರುತ್ತದೆಂದು ಬರೆದಿದ್ದೀರಿ, ಅದಕ್ಕೆ ಬೇಡಿಕೆಯಿದೆ. ಬರುವ ಬೇಸಿಗೆಯ ಪಂದ್ಯಾವಳಿಗೆ ಕರೆ ಬಂದರೂ ಒಪ್ಪಿಕೊಳ್ಳಬೇಡಿ.

ಈ ಎಲ್ಲಕ್ಕಿಂತ ಮೊದಲು, ಇವತ್ತು ಸಂಜೆಯೇ, ಮಗಳನ್ನು ಕೂರಿಸಿಕೊಂಡು ಆಡಿಯೋ ತಿರುಚಿದ್ದಲ್ಲವೆಂದು ಹೇಳಿ. ಅವಳ ತರಗತಿಯಲ್ಲಿ ಹಾಡಿಯ ಮಕ್ಕಳೂ ಇದ್ದಾರೆಂದು ನೀವೇ ಬರೆದಿದ್ದೀರಿ. ನಾಳೆ ಬೆಳಿಗ್ಗೆ ಅವರ ಪಕ್ಕದಲ್ಲಿ ಕೂರಬೇಕಾದವಳು ಅವಳು. ಅವಳಿಗೆ ಇದು ಹೊಸ ಸುದ್ದಿಯಾಗುತ್ತದೆಂದು ಮಾತ್ರ ಭಾವಿಸಬೇಡಿ. ಹುಟ್ಟಿದಂದಿನಿಂದ ಕೇಳಿದ ಅಪ್ಪನ ದನಿಯನ್ನು ಅವಳು ಮೊದಲ ಸಲಕ್ಕೇ ಗುರುತಿಸಿರುತ್ತಾಳೆ.