ವಾಹನ ಪ್ರಶ್ನೋತ್ತರ: ಪಿಕಪ್ ಟ್ರಕ್ಕಿಗೆ ಯಾವ ಎಂಜಿನ್, ಎಂಥ ಕೊಕ್ಕೆ?

ಪ್ರಶ್ನೆ: ಮಾನ್ಯರೇ, ನಾವು ಕಾರಟಗಿಯಲ್ಲಿ ಭತ್ತ ಬೆಳೆಯುವವರು. ಇಪ್ಪತ್ತು ವರ್ಷಗಳಿಂದ ನಮ್ಮಲ್ಲಿ ಟ್ರ್ಯಾಕ್ಟರ್ ಹಾಗೂ ಟ್ರೇಲರ್ ಇವೆ. ಅಮೆರಿಕದ ಡಲ್ಲಾಸ್‌ನಲ್ಲಿ ನೌಕರಿ ಮಾಡುವ ನನ್ನ ತಮ್ಮ, ರಜೆಯಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳೊಂದಿಗೆ ಕೊಲೊರಾಡೊ ಬೆಟ್ಟಗಳಿಗೆ ಹೋಗಲೆಂದು, ಸಾಮಾನು ಸಹಿತ 7,000 ಪೌಂಡ್ ತೂಗುವ ಮನೆಯಂಥ ಟ್ರೇಲರ್ ಕೊಂಡಿದ್ದಾನೆ. ಅದನ್ನು ಎಳೆಯಲು ಫೋರ್ಡ್ ಎಫ್-150 ಪಿಕಪ್ ನೋಡುತ್ತಿದ್ದು, 5.0 ಲೀಟರಿನ ವಿ8 ಎಂಜಿನ್ ಮೇಲೋ 3.5 ಲೀಟರಿನ ಟರ್ಬೊ ವಿ6 ಮೇಲೋ ಎಂದು ನನ್ನನ್ನು ಕೇಳಿದ್ದಾನೆ. ನಮ್ಮ 50 ಅಶ್ವಶಕ್ತಿಯ ಟ್ರ್ಯಾಕ್ಟರೇ ಅದಕ್ಕಿಂತ ಹೆಚ್ಚು ಭಾರ ಎಳೆಯುವಾಗ ಅಲ್ಲಿ 400 ಅಶ್ವಶಕ್ತಿ ಏಕೆ ಬೇಕು?
– ಓದುಗರು, ಕಾರಟಗಿ, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಟ್ರ್ಯಾಕ್ಟರ್ ಭಾರ ಎಳೆಯುವುದು ತಗ್ಗಿನ ಗೇರಿನಲ್ಲಿ, ಗಂಟೆಗೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ವೇಗದಲ್ಲಿ. ಅದೇ ಭಾರವನ್ನು ನೂರರ ವೇಗದಲ್ಲಿ, ಗೋಡೆಯಂತೆ ನಿಂತ ಟ್ರೇಲರಿನ ಮುಖಕ್ಕೆ ಗಾಳಿ ಬಡಿಯುತ್ತಿರುವಾಗ ಏರು ಹತ್ತಿಸಬೇಕೆಂದರೆ ಶಕ್ತಿ ಹಲವು ಪಟ್ಟು ಬೇಕಾಗುತ್ತದೆ.

ತಮ್ಮನವರು ಹೇಳಿದ ಎರಡೂ ಎಂಜಿನ್‌ಗಳ ಶಕ್ತಿ ಸುಮಾರು 400 ಅಶ್ವಶಕ್ತಿಯೇ. ವ್ಯತ್ಯಾಸವಿರುವುದು ಟಾರ್ಕ್‌ನಲ್ಲಿ, ಅಂದರೆ ಗಾಲಿ ತಿರುಗಿಸುವ ಬಲದಲ್ಲಿ. ವಿ8 ಎಂಜಿನ್ ಸುಮಾರು 556 ನ್ಯೂಟನ್ ಮೀಟರ್ ಟಾರ್ಕ್ ಕೊಟ್ಟರೆ ಟರ್ಬೊ ವಿ6 ಸುಮಾರು 678 ಕೊಡುತ್ತದೆ, ಅದನ್ನೂ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೇ ಕೊಡುತ್ತದೆ. ಇದಕ್ಕಿಂತ ದೊಡ್ಡ ಕಾರಣ ಎತ್ತರ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿ ಏರಿದಂತೆಲ್ಲ ಸುಮಾರು ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕೊಲೊರಾಡೊದ ಐಸೆನ್‌ಹೋವರ್ ಸುರಂಗ ಸಮುದ್ರಮಟ್ಟದಿಂದ 11,000 ಅಡಿಗೂ ಮೇಲಿರುವುದರಿಂದ, ಅಲ್ಲಿಗೆ ತಲುಪುವ ಹೊತ್ತಿಗೆ ವಿ8 ತನ್ನ ಶಕ್ತಿಯ ಮೂರನೆಯ ಒಂದು ಭಾಗದಷ್ಟನ್ನು ಬಿಟ್ಟುಕೊಟ್ಟಿರುತ್ತದೆ. ಟರ್ಬೊ ತೆಳುವಾದ ಗಾಳಿಯನ್ನು ಒತ್ತಿ ತುಂಬುವುದರಿಂದ ವಿ6ಗೆ ಆ ನಷ್ಟ ಬಹಳ ಕಡಿಮೆ. ಬಯಲು ಸೀಮೆಯಲ್ಲೇ ಓಡಾಡುವವರಾಗಿದ್ದರೆ ಸರಳ ರಚನೆಯ ವಿ8 ಸಾಕೆನ್ನುತ್ತಿದ್ದೆ. ಬೆಟ್ಟಕ್ಕೆ ಟರ್ಬೊ ವಿ6 ತೆಗೆದುಕೊಳ್ಳಲಿ. ಹಿಂದಿನ ಆಕ್ಸಲ್‌ನ ಗೇರ್ ಅನುಪಾತ (ಅಂಕಿ ದೊಡ್ಡದಾದಷ್ಟೂ ಎಳೆತ ಹೆಚ್ಚು) 3.55 ಅಥವಾ 3.73 ಇರಲಿ, 3.31 ಬೇಡ.

ಆದರೆ ಎಂಜಿನ್‌ಗಿಂತ ಮುಖ್ಯವಾದದ್ದನ್ನು ತಮ್ಮನವರು ಕೇಳಿಯೇ ಇಲ್ಲ, ನನಗೆ ಆತಂಕವಿರುವುದೂ ಅಲ್ಲಿಯೇ. ಜಾಹೀರಾತಿನಲ್ಲಿ 13,000 ಪೌಂಡ್ ಎಳೆಯುತ್ತದೆಂದು ಬರೆದಿರುತ್ತಾರೆ. ಅದು ಎಳೆಯುವ ಲೆಕ್ಕ ಮಾತ್ರ. ಗಾಡಿ ತನ್ನ ಬೆನ್ನ ಮೇಲೆ ಎಷ್ಟು ಹೊರಬಲ್ಲದು ಎಂಬುದು ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಕಾಣುವ ಸಣ್ಣ ಚೀಟಿಯಲ್ಲಿರುತ್ತದೆ. ಟ್ರೇಲರ್ ತನ್ನ ತೂಕದ ನೂರಕ್ಕೆ ಹತ್ತರಿಂದ ಹದಿನೈದು ಭಾಗವನ್ನು ಕೊಕ್ಕೆಯ ಮೇಲೆ ಊರುತ್ತದೆ, ಆ ಭಾರವೂ ಹೊರೆಯ ಲೆಕ್ಕಕ್ಕೇ ಸೇರುತ್ತದೆ. ಭತ್ತದ ಚೀಲಗಳನ್ನು ಹೇರಿಸುವಾಗ ನೀವು ಇದನ್ನು ಕಣ್ಣಾರೆ ಕಂಡಿರುತ್ತೀರಿ: ಹಮಾಲರು ಎರಡು ಗಾಲಿಯ ಟ್ರೇಲರಿನ ಮುಂದಕ್ಕೇ ಚೀಲ ಒಟ್ಟಿದರೆ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಹಗುರಾಗಿ ಸ್ಟಿಯರಿಂಗ್ ಕೈಗೆ ಸಿಗುವುದಿಲ್ಲ, ಹಿಂದಕ್ಕೆ ಒಟ್ಟಿದರೆ ಕೊಕ್ಕೆಯೇ ಮೇಲೆದ್ದು ಹಿಂದಿನ ಗಾಲಿಗಳ ಹಿಡಿತ ತಪ್ಪುತ್ತದೆ. ಹೆದ್ದಾರಿಯ ವೇಗದಲ್ಲಿ ಹಿಂಭಾರದ ಟ್ರೇಲರ್ ಹಾವಿನಂತೆ ಅತ್ತಿತ್ತ ಹೊರಳತೊಡಗಿ ಪಿಕಪ್ಪನ್ನೇ ಉರುಳಿಸಬಲ್ಲದು.

ಈಗ ಲೆಕ್ಕ ಹಾಕೋಣ. ಚೀಟಿಯಲ್ಲಿ 1,500 ಪೌಂಡ್ ಎಂದಿದೆಯೆಂದುಕೊಳ್ಳಿ, ಅಂದರೆ 680 ಕಿಲೋ. 7,000 ಪೌಂಡಿಗೆ ನೂರಕ್ಕೆ ಹದಿಮೂರರಂತೆ ಕೊಕ್ಕೆಯ ಭಾರ 910 ಪೌಂಡ್, ಸುಮಾರು 413 ಕಿಲೋ. ಉಳಿದ 267 ಕಿಲೋದಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು, ಕೊಕ್ಕೆಯ ಸಲಕರಣೆ, ಹಿಂದಿನ ತೊಟ್ಟಿಯಲ್ಲಿಡುವ ಸೌದೆ, ನೀರು ಎಲ್ಲವೂ ಹಿಡಿಯಬೇಕು. ಎಳೆಯುವ ಶಕ್ತಿಯಲ್ಲಿ ಇನ್ನೂ ಸುಮಾರು ಅರ್ಧ ಉಳಿದಿದ್ದರೂ ಹೊರುವ ಶಕ್ತಿ ಮುಗಿದೇ ಹೋಗಿರುತ್ತದೆ. ಚರ್ಮದ ಸೀಟು, ಗಾಜಿನ ಚಾವಣಿ, ನಾಲ್ಕು ಗಾಲಿಯ ಚಾಲನೆ ಎಂದು ಸೌಕರ್ಯ ಹೆಚ್ಚಿದಷ್ಟೂ ಗಾಡಿಯ ಸ್ವಂತ ತೂಕ ಹೆಚ್ಚಿ ಚೀಟಿಯ ಅಂಕಿ ಇಳಿಯುತ್ತದೆ. ಆದ್ದರಿಂದ ಒಂದೇ ಮಾದರಿಯ ಎರಡು ಗಾಡಿಗಳಲ್ಲಿಯೂ ಅಂಕಿ ಬೇರೆ ಬೇರೆ ಇರುತ್ತದೆ. ಮುಂಗಡ ಕೊಡುವ ಮೊದಲು ತಾನು ಕೊಳ್ಳುವ ಆ ಗಾಡಿಯ ಬಾಗಿಲನ್ನೇ ತೆರೆದು ಚೀಟಿ ಓದಲಿ, 1,800 ಪೌಂಡಿಗಿಂತ ಕಡಿಮೆಯಿದ್ದರೆ ಮುಂದಿನ ಗಾಡಿ ನೋಡಲಿ.

ಕೊಕ್ಕೆಯ ವಿಷಯದಲ್ಲಿ, ಭಾರವನ್ನು ಮುಂದಿನ ಗಾಲಿಗಳಿಗೂ ಹಂಚುವ ಸರಳುಗಳಿರುವ, ಹೊಯ್ದಾಟ ತಡೆಯುವ ಜೋಡಣೆಯೇ ಬೇಕು. ಕೊಕ್ಕೆಯ ತುದಿಯಲ್ಲಿರುವ ಉಕ್ಕಿನ ಗುಂಡಿನ (ಹಿಚ್ ಬಾಲ್) ಅಳತೆ, ಅದರ ಮೇಲೆ ಕೂರುವ ಟ್ರೇಲರಿನ ಮೂತಿಯ ಮೇಲೆ ಅಚ್ಚೊತ್ತಿರುವ ಅಳತೆಗೆ ಸರಿಹೊಂದಲಿ. 2 5/16 ಇಂಚಿನ ಮೂತಿಯೊಳಗೆ 2 ಇಂಚಿನ ಗುಂಡು ಕುಳಿತಂತೆ ಕಂಡರೂ ದಾರಿಯ ಗುಂಡಿಯೊಂದು ಸಿಕ್ಕರೆ ಜಿಗಿದು ಹೊರಬರುತ್ತದೆ. ಟ್ರೇಲರಿನ ವಿದ್ಯುತ್ ಬ್ರೇಕನ್ನು ಚಾಲಕನ ಕೈಗೆ ಕೊಡುವ ನಿಯಂತ್ರಕವನ್ನು ಕಾರ್ಖಾನೆಯಿಂದಲೇ ಹಾಕಿಸಿಕೊಳ್ಳಲಿ. ಮೊದಲ ಪ್ರವಾಸಕ್ಕೆ ಮುನ್ನ ಎಲ್ಲ ತುಂಬಿಕೊಂಡು, ಹೆದ್ದಾರಿಯ ಟ್ರಕ್ ನಿಲ್ದಾಣಗಳಲ್ಲಿರುವ ವೇಬ್ರಿಜ್ ಮೇಲೆ ಒಮ್ಮೆ ತೂಗಿಸಲಿ.

ಪ್ರಶ್ನೆ: ನಮ್ಮ ಪಿಕಪ್ಪಿನ ಹಿಂದಿನ ಬಂಪರಿಗೆ ಕೊಕ್ಕೆ ವೆಲ್ಡಿಂಗ್ ಮಾಡಿಸಿ, ಔಷಧಿ ಹೊಡೆಯುವ ಯಂತ್ರದ ಸಣ್ಣ ಟ್ರೇಲರ್ ಎಳೆಯಬಹುದೇ?
– ಓದುಗರು, ಮಾನ್ವಿ, ರಾಯಚೂರು ಜಿಲ್ಲೆ

ಉತ್ತರ: ದಯವಿಟ್ಟು ಬೇಡ. ಬಂಪರ್ ಎಳೆತ ತಾಳಲು ಮಾಡಿದ್ದಲ್ಲ. ಕೊಕ್ಕೆಯ ಚೌಕಟ್ಟನ್ನು ಚಾಸಿಯ ಎರಡೂ ತೊಲೆಗಳಿಗೆ ಗಟ್ಟಿ ಬೋಲ್ಟುಗಳಿಂದ ಬಿಗಿಸಬೇಕು. ನಿಮ್ಮ ಗಾಡಿಯ ಕೈಪಿಡಿ ಎಳೆಯಲು ಎಷ್ಟು ತೂಕ ಅನುಮತಿಸಿದೆ ಎಂದು ಮೊದಲು ನೋಡಿರಿ. ಕೊಕ್ಕೆಯ ಜೊತೆಗೆ ಎರಡು ಸರಪಳಿಗಳನ್ನು ಕೆಳಗೆ ಒಂದಕ್ಕೊಂದು ಅಡ್ಡಹಾಯುವಂತೆ ಕಟ್ಟಿರಿ. ಕೊಕ್ಕೆ ಕಳಚಿದರೂ ಟ್ರೇಲರಿನ ಮೂತಿ ನೆಲಕ್ಕೆ ನೆಡದೆ ಆ ಸರಪಳಿಗಳ ಮೇಲೆ ನಿಲ್ಲುತ್ತದೆ.