ಎಣ್ಣೆ ಹೆಚ್ಚಿಸಬೇಡಿ ಅಕ್ಕಾ, ಮೊದಲು ಕೂದಲಿಗೆ ನೀರು ಹಿಡಿಯಲಿ

ಹಳಿಯಾಳದ ಅಕ್ಕಾ, ನಿಮ್ಮ ಪೋಸ್ಟ್ ಓದಿದೆ, ಕೆಳಗೆ ಬಂದ ಸಲಹೆಗಳನ್ನೂ ಓದಿದೆ. ಒಂಬತ್ತು ವರ್ಷದ ಮಗಳ ಕೂದಲು ಬಿರುಸಾಗಿದೆ, ದಿನಾ ರಾತ್ರಿ ಒಣ ಕೂದಲಿಗೇ ಕೊಬ್ಬರಿ ಎಣ್ಣೆ ತಿಕ್ಕುತ್ತೀರಿ, ಭಾನುವಾರ ಮೊಟ್ಟೆ ಹಚ್ಚುತ್ತೀರಿ, ಆದರೂ ಬಾಚಿದರೆ ತುಂಡಾಗಿ ಉದುರುತ್ತದೆ. ಲೋಟದ ನೀರಿಗೆ ಒಂದು ಕೂದಲು ಹಾಕಿದಾಗ ತೇಲಿತು, ಹಾಗಾಗಿ ಲೋ ಪೊರಾಸಿಟಿ, ಅಂದರೆ ನೀರನ್ನು ಸುಲಭವಾಗಿ ಒಳಗೆ ಬಿಡದ ಕೂದಲು ಅಂತ ತೀರ್ಮಾನ ಮಾಡಿದ್ದೀರಿ. ಈಗ ಎಣ್ಣೆ ಇನ್ನೂ ಜಾಸ್ತಿ ಮಾಡಬೇಕಾ, ಇಲ್ಲ ಪಾರ್ಲರಿನಲ್ಲಿ ರಾಸಾಯನಿಕ ಹಾಕಿ ಕೂದಲು ನೇರ ಮಾಡುವ ಸ್ಮೂದನಿಂಗ್ ಮಾಡಿಸಿಬಿಡಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ಇದೇ ಎಣ್ಣೆ, ಇದೇ ಮೊಟ್ಟೆ ನನ್ನ ತಂಗಿಯ ತಲೆ ಮೇಲೂ ಆಗಿದೆ, ಅದಕ್ಕೇ ಸುಮ್ಮನಿರಲು ಆಗಲಿಲ್ಲ.

ಮೊದಲು ಆ ಲೋಟದ ಆಟ ಬಿಡಿ. ಎಣ್ಣೆ ಮೆತ್ತಿದ ಕೂದಲು ಯಾರದ್ದಾದರೂ ತೇಲುತ್ತದೆ. ತೊಳೆದ ಕೂದಲೂ ನೀರಿನ ಮೇಲೆ ಸುಮ್ಮನೆ ಇಟ್ಟರೆ ಸ್ವಲ್ಪ ಹೊತ್ತು ತೇಲುತ್ತದೆ, ಬೆರಳಲ್ಲಿ ಒತ್ತಿದರೆ ಮುಳುಗುತ್ತದೆ. ಅದರಿಂದ ಏನು ತಿಳಿಯಿತು? ಮೇಲಾಗಿ ಒಂದೇ ಎಳೆಯಲ್ಲಿ ಬುಡದ ಪೊರಾಸಿಟಿ ಬೇರೆ, ತುದಿಯದು ಬೇರೆ. ಕೂದಲಿನ ಹೊರಪದರ ಮನೆಯ ಹೆಂಚಿನ ಹಾಗೆ ಒಂದರ ಮೇಲೊಂದು ಹೊದಿಸಿದ್ದು. ಬುಡದಲ್ಲಿ ಹೊಸದು, ಬಿಗಿಯಾಗಿ ಕೂತಿರುತ್ತದೆ, ಮೇಲೆ ನೀರು ಜಾರಿಸುವ ತೆಳು ಕೊಬ್ಬಿನ ಪದರವೂ ಇರುತ್ತದೆ. ತುದಿ ಎಷ್ಟೋ ಸಲ ಬಾಚಿಸಿಕೊಂಡು, ಬಿಸಿಲು ತಿಂದು ಸವೆದಿರುತ್ತದೆ. ಬ್ಲೀಚ್, ಸುರುಳಿ ನೇರ ಮಾಡುವ ರಿಲ್ಯಾಕ್ಸರ್ ಬಿದ್ದರಂತೂ ಆ ಕೊಬ್ಬಿನ ಪದರವೇ ಹೋಗುತ್ತದೆ. ಅಲ್ಲಿ ನೀರು ಬೇಗ ಒಳಗೆ ಹೋಗುತ್ತದೆ, ಅಷ್ಟೇ ಬೇಗ ಹೊರಗೂ ಬರುತ್ತದೆ.

ನೋಡಬೇಕಾದದ್ದು ತಲೆ ತೊಳೆಯುವ ದಿನ. ಎಣ್ಣೆ ಪೂರ್ತಿ ಹೋಗುವ ಹಾಗೆ ಶಾಂಪೂ ಹಾಕಿ ತೊಳೆದು, ಏನೂ ಹಚ್ಚದೆ ಒಣಗಲು ಬಿಡಿ. ಆಮೇಲೆ ಸ್ಪ್ರೇ ಬಾಟಲಿಯಲ್ಲಿ ನೀರು ಸಿಂಪಡಿಸಿ. ಹನಿಗಳು ಕೂದಲ ಮೇಲೆ ಮಣಿಮಣಿಯಾಗಿ ನಿಂತರೆ, ತಲೆ ಒಣಗಲು ಅರ್ಧ ದಿನ ಬೇಕಾದರೆ ಲೋ. ಹಾಕಿದ ತಕ್ಷಣ ಹೀರಿಕೊಂಡು, ಬೇಗ ಒಣಗಿ, ಸಂಜೆಗೆ ಮತ್ತೆ ಬಿರುಸಾದರೆ ಹೈ. ಬುಡದಲ್ಲಿ ನೋಡಿ, ತುದಿಯಲ್ಲಿ ಬೇರೆಯಾಗಿ ನೋಡಿ. ನನ್ನ ಅಂದಾಜು ನಿಮ್ಮ ಮಗಳದು ಬುಡ ಲೋ, ತುದಿ ಹೈ, ನಡುವೆ ಎಲ್ಲಾ ಎಣ್ಣೆಯ ಪದರ.

ಇಲ್ಲಿ ಸಲಹೆ ಕೊಟ್ಟವರಲ್ಲಿ ಹೆಚ್ಚಿನವರದು ಅಲೆ ಕೂದಲು, ಇಲ್ಲ ದೊಡ್ಡ ಗುಂಗುರು. ಅವರು ಹೇಳುವುದು ಅವರಿಗೆ ಸರಿ, ಬೇಜಾರು ಮಾಡಿಕೊಳ್ಳಬೇಡಿ. ಆದರೆ ನಾವು ಸಿದ್ದಿಗಳು, ಆಫ್ರಿಕಾ ಮೂಲದವರು. ನಮ್ಮ ಕೂದಲು ಪೆನ್ನಿನ ಸ್ಪ್ರಿಂಗಿಗಿಂತ ಸಣ್ಣ ಸುರುಳಿ. ಎಳೆಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ದುಂಡಗಿರುವುದಿಲ್ಲ, ಚಪ್ಪಟೆ ಇರುತ್ತದೆ. ತಲೆಯ ಚರ್ಮದಲ್ಲಿ ಬರುವ ಜಿಡ್ಡು ಇಷ್ಟು ತಿರುವು ದಾಟಿ ತುದಿಗೆ ತಲುಪುವುದೇ ಇಲ್ಲ, ಪ್ರತಿ ತಿರುವಿನಲ್ಲೂ ಎಳೆ ಮುರಿಯುವ ಜಾಗ ಬೇರೆ. ದಿನಾ ತೊಳೆಯಿರಿ, ಒಣಗಿದ ಮೇಲೆ ಬ್ರಶ್ ಮಾಡಿ ಅಂತ ಬರೆದಿದ್ದಾರಲ್ಲ, ಅದನ್ನು ನಮ್ಮ ತಲೆಗೆ ಮಾಡಿದರೆ ಕೈಯಲ್ಲಿ ಕೂದಲೇ ಬರುತ್ತದೆ.

ಈಗ ನಮ್ಮನೆಯಲ್ಲಿ ಕೆಲಸ ಮಾಡಿದ ವಿಧಾನ ಹೇಳುತ್ತೇನೆ. ವಾರಕ್ಕೊಮ್ಮೆ ಸಾಕು. ತಲೆಯನ್ನು ನಾಲ್ಕು ಭಾಗ ಮಾಡಿ, ಕೂದಲು ದಟ್ಟ ಇದ್ದರೆ ಎಂಟು. ಶಾಂಪೂ ಬುಡಕ್ಕೆ ಮಾತ್ರ, ನೊರೆ ಕೆಳಗೆ ಇಳಿಯುವಾಗ ತುದಿಯೂ ತೊಳೆದು ಹೋಗುತ್ತದೆ. ನೀರು ಸೋರುತ್ತಿರುವಾಗಲೇ ಒಂದೊಂದು ಭಾಗಕ್ಕೂ ಕೈತುಂಬ ಕಂಡೀಶನರ್. ಜಿಪುಣತನ ಇಲ್ಲಿ ನಡೆಯುವುದಿಲ್ಲ. ಬೆರಳಿನಿಂದ ಗಂಟು ಬಿಡಿಸಿ, ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರು ಮಾಡಿ ಮೇಲೆ ಹೋಗಿ, ಬುಡದಿಂದ ಎಳೆಯಬೇಡಿ. ಬಿಡಿಸಿದ ಭಾಗವನ್ನು ಸಡಿಲವಾಗಿ ತಿರುಚಿ ಬಿಡಿ, ಇಲ್ಲದಿದ್ದರೆ ಪಕ್ಕದ್ದು ಬಿಡಿಸುವಷ್ಟರಲ್ಲಿ ಇದು ಮತ್ತೆ ಗಂಟಾಗುತ್ತದೆ.

ಮುಖ್ಯವಾದದ್ದು ಈಗ. ಹಳೇ ಟವೆಲನ್ನು ಬಿಸಿನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ನಿಮ್ಮ ಮಣಿಕಟ್ಟಿನ ಒಳಬದಿಗೆ ಇಟ್ಟು ನೋಡಿ. ನಿಮಗೆ ಹಿತ ಅನಿಸಿದರೆ ಮಾತ್ರ ಮಗುವಿನ ತಲೆಗೆ ಸುತ್ತಿ. ಮೇಲೆ ಶವರ್ ಕ್ಯಾಪ್ ಹಾಕಿ. ಕಾಲು ಗಂಟೆ, ಇಪ್ಪತ್ತು ನಿಮಿಷ ಸಾಕು, ಮಧ್ಯೆ ಆರಿದರೆ ಇನ್ನೊಮ್ಮೆ ಬಿಸಿ ಮಾಡಿ. ಲೋ ಪೊರಾಸಿಟಿ ಬುಡಕ್ಕೆ ಈ ಶಾಖ ಇಲ್ಲದೆ ಏನು ಹಚ್ಚಿದರೂ ಮೇಲೆಯೇ ಕೂತಿರುತ್ತದೆ. ಕುದಿಯುವ ಪಾತ್ರೆ ಮೇಲೆ ಮಗುವನ್ನು ಬಗ್ಗಿಸಿ ಹಬೆ ಕೊಡುವುದನ್ನು ಯಾವುದೋ ವಿಡಿಯೋದಲ್ಲಿ ತೋರಿಸುತ್ತಾರೆ. ದಯವಿಟ್ಟು ಬೇಡ, ಸುಟ್ಟುಕೊಂಡರೆ ಯಾರು ಹೊಣೆ? ಪ್ಲಾಸ್ಟಿಕ್ ಕವರ್ ಸುತ್ತಿ ಮಗುವನ್ನು ಒಂಟಿಯಾಗಿ ಬಿಡುವುದೂ ಬೇಡ.

ಕಂಡೀಶನರ್ ಪೂರ್ತಿ ತೊಳೆಯಬೇಡಿ, ಕೈಗೆ ಸ್ವಲ್ಪ ಜಾರುವಷ್ಟು ಉಳಿಯಲಿ. ನೀರನ್ನು ಹಳೇ ಬನಿಯನ್ ಇಲ್ಲ ಟೀ ಶರ್ಟಿನಿಂದ ಒತ್ತಿ ತೆಗೆಯಿರಿ, ಟವೆಲಿನಿಂದ ಉಜ್ಜಬೇಡಿ. ಕೂದಲು ಇನ್ನೂ ಒದ್ದೆ ಇರುವಾಗಲೇ ಕ್ರೀಮು, ಅದರ ಮೇಲೆ ಎರಡು ಮೂರು ಹನಿ ಎಣ್ಣೆ. ಕಿತ್ತುಹೋದ ತುದಿಗೆ ಒಂದು ಚೂರು ವ್ಯಾಸಲೀನ್ ಸವರಿದರೂ ಸಾಕು. ಎಣ್ಣೆ ನೀರನ್ನು ಕೊಡುವುದಿಲ್ಲ ಅಕ್ಕಾ, ಇರುವ ನೀರನ್ನು ಹಿಡಿದಿಡುತ್ತದೆ ಅಷ್ಟೇ. ಒಣ ಕೂದಲಿಗೆ ದಿನಾ ಹಚ್ಚಿದರೆ ಅದು ಹಿಡಿದಿಡುವುದಾದರೂ ಏನನ್ನು?

ಹಾಗಂತ ಕೊಬ್ಬರಿ ಎಣ್ಣೆ ಕೆಟ್ಟದ್ದು ಅಂತ ನಾನು ಹೇಳಿದೆ ಎಂದು ಯಾರೂ ಜಗಳಕ್ಕೆ ಬರಬೇಡಿ. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಪೆಟ್ರೋಲಿಯಂನಿಂದ ತೆಗೆದ ಮಿನರಲ್ ಆಯಿಲ್ ಮೂರನ್ನೂ ಹೋಲಿಸಿದ ಅಧ್ಯಯನವೊಂದು 2003ರಲ್ಲಿ ಬಂದಿತ್ತು. ಕೂದಲಿನ ಪ್ರೊಟೀನ್ ಸೋರುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರ, ಹಾಗಾಗಿ ಒಳಗೆ ಇಳಿಯುತ್ತದೆ. ಅಧ್ಯಯನ ಮಾಡಿದವರು ಪ್ಯಾರಾಶೂಟ್ ಮಾರುವ ಮ್ಯಾರಿಕೋ ಕಂಪನಿಯವರೇ, ಅದೂ ನೆನಪಿರಲಿ! ಕೊಬ್ಬರಿ ಎಣ್ಣೆಯ ಸರಿಯಾದ ಜಾಗ ತಲೆ ತೊಳೆಯುವ ಮೊದಲು. ಹಿಂದಿನ ರಾತ್ರಿ ತುದಿಗೆ ಹಚ್ಚಿ, ಬೆಳಿಗ್ಗೆ ತೊಳೆಯಿರಿ. ನೀಲಿ ಬಾಟಲಿಯದೂ ಸರಿ, ಗಾಣದ್ದೂ ಸರಿ. ಈರುಳ್ಳಿ ಎಣ್ಣೆ, ನೂರೆಂಟು ಬೇರಿನ ಎಣ್ಣೆ ಅಂತ ಸಣ್ಣ ಬಾಟಲಿಗೆ ಐನೂರು ರೂಪಾಯಿ ಕೊಡುವ ಮೊದಲು ಹಿಂದಿನ ಚೀಟಿ ಓದಿ. ಎಷ್ಟೋ ಬಾಟಲಿಗಳಲ್ಲಿ ಮೊದಲ ಹೆಸರೇ ಮಿನರಲ್ ಆಯಿಲ್. ಹೊಟ್ಟು ಇದ್ದರೆ ಬುಡಕ್ಕೆ ಎಣ್ಣೆ ಹಾಕಲೇಬೇಡಿ, ಹೊಟ್ಟು ತರುವ ಯೀಸ್ಟಿಗೆ ಅದೇ ಊಟ.

ಮೊಟ್ಟೆ ಊಟಕ್ಕೆ ಕೊಡಿ. ಅದರ ಪ್ರೊಟೀನ್ ದೊಡ್ಡ ಅಣು, ಕೂದಲೊಳಗೆ ಹೋಗುವುದಿಲ್ಲ. ಬಿಸಿನೀರು ತಾಗಿದರೆ ಅಲ್ಲೇ ಬೆಂದು ಅಂಟಿಕೊಳ್ಳುತ್ತದೆ, ಸುರುಳಿಯೊಳಗಿಂದ ಹೆಕ್ಕಿ ಹೆಕ್ಕಿ ತೆಗೆಯಬೇಕು. ಪ್ರೊಟೀನ್ ಬೇಕೇ ಬೇಕೆಂದರೆ ಹೈಡ್ರೊಲೈಸ್ಡ್ (ಸಣ್ಣ ತುಂಡು ಮಾಡಿದ ಪ್ರೊಟೀನ್) ಅಂತ ಬರೆದಿರುವ ಕಂಡೀಶನರ್ ತಿಂಗಳಿಗೊಮ್ಮೆ, ಅದೂ ತುದಿಗೆ. ಹಚ್ಚಿದ ಮೇಲೆ ಇನ್ನೂ ಬಿರುಸಾದರೆ ನಿಲ್ಲಿಸಿ.

ಕ್ಯಾಂಟು, ಶಿಯಾ ಮಾಯಿಶ್ಚರ್ ಅನ್ನುವ ಹೊರದೇಶದ ಬ್ರ್ಯಾಂಡ್ ತರಿಸಬೇಕಾ ಅಂತ ಒಬ್ಬರು ಕೇಳಿದ್ದಾರೆ. ದುಡ್ಡಿದ್ದರೆ ತರಿಸಿ, ನಮ್ಮಂಥ ಕೂದಲನ್ನು ಮನಸ್ಸಿನಲ್ಲಿಟ್ಟು ಮಾಡಿದ್ದೇ. ಆದರೆ ಶಿಯಾ ಬಟರ್ ಭಾರ, ಲೋ ಬುಡಕ್ಕೆ ಮೆತ್ತಿದರೆ ಅಂಟಂಟು. ಇಲ್ಲಿನ ಕರ್ಲಿ ಕ್ರೀಮುಗಳು ಅಲೆ ಕೂದಲಿಗೇ ಸರಿ, ನಮಗೆ ನೀರು ನೀರು ಅನಿಸುತ್ತವೆ. ಅಂಗಡಿಯ ಸಾಮಾನ್ಯ ಕಂಡೀಶನರ್ ಸಾಕು. ಚೀಟಿಯಲ್ಲಿ ಸೀಟೈಲ್ ಇಲ್ಲ ಸೀಟಿಯರಿಲ್ ಆಲ್ಕೊಹಾಲ್, ಬಿಹೆಂಟ್ರಿಮೋನಿಯಂ ಇವು ಮೊದಲ ಸಾಲುಗಳಲ್ಲಿ ಇರಲಿ. ಆಲ್ಕೊಹಾಲ್ ಅಂದ ತಕ್ಷಣ ಹೆದರಬೇಡಿ, ಇವು ಮೃದು ಮಾಡುವ ಜಾತಿ. ಮನೆಯದ್ದೇ ಬೇಕೆಂದರೆ ದಾಸವಾಳದ ಸೊಪ್ಪು ಕಿವುಚಿ ಸೋಸಿದ ಲೋಳೆ, ಅಗಸೆ ಬೀಜ ಕುದಿಸಿದ ಲೋಳೆ ಎರಡೂ ಜಾರಿಕೆಗೆ ಒಳ್ಳೆಯದು. ಆದರೆ ಅಂದಂದೇ ಮಾಡಿ, ಉಳಿಸಿದರೆ ಹುಳಿ ವಾಸನೆ.

ಮನೆಗೆ ಬೋರ್‌ವೆಲ್ ನೀರಾ? ಗಡಸು ನೀರಿನ ಸುಣ್ಣದ ಅಂಶ ಕೂದಲ ಮೇಲೆ ಕೂತರೆ ಯಾವ ಕಂಡೀಶನರೂ ನಾಟುವುದಿಲ್ಲ. ಸಾಬೂನಿನಲ್ಲಿ ತಲೆ ತೊಳೆಯುತ್ತಿದ್ದರೆ ಇವತ್ತೇ ಬಿಡಿ, ಆ ನೀರಿನಲ್ಲಿ ಸಾಬೂನು ಬಿಳಿ ಗಸಿಯಾಗಿ ಅಂಟುತ್ತದೆ. ಕೊನೆಯ ನೀರಿಗೆ ಒಂದು ಚೊಂಬಿಗೆ ಒಂದು ಚಮಚ ವಿನೆಗರ್ ಬೆರೆಸಿ ಸುರಿಯಿರಿ. ನಿಂಬೆಹಣ್ಣನ್ನು ನೇರವಾಗಿ ತಿಕ್ಕಬೇಡಿ. ಮಳೆಗಾಲದಲ್ಲಿ ಗಾಳಿಯ ತೇವ ಎಳೆಯುವ ಗ್ಲಿಸರಿನ್ ಇರುವ ಕ್ರೀಮು ಕಡಿಮೆ ಮಾಡಿ, ನಮ್ಮ ಕಡೆಯ ತೇವಕ್ಕೆ ಕೂದಲು ಉಬ್ಬಿ ಗಂಟಾಗುತ್ತದೆ. ಬೆಳಿಗ್ಗೆಯೇ ತೊಳೆಯಿರಿ, ಒದ್ದೆ ತಲೆಯಲ್ಲಿ ಮಲಗಿಸಬೇಡಿ. ರಾತ್ರಿ ಹತ್ತಿ ದಿಂಬಿನ ಬದಲು ಹಳೇ ರೇಷ್ಮೆ ಸೀರೆಯ ತುಂಡು ತಲೆಗೆ ಕಟ್ಟಿ.

ಸ್ಮೂದನಿಂಗ್ ವಿಷಯ. ಒಂಬತ್ತು ವರ್ಷದ ಮಗುವಿಗೆ ಅಂತ ನೀವು ಯೋಚಿಸಿದ್ದೇ ನನಗೆ ಸಿಟ್ಟು ಬಂತು. ಸೋಡಿಯಂ ಹೈಡ್ರಾಕ್ಸೈಡ್ ಇರುವ ರಿಲ್ಯಾಕ್ಸರ್ ಚರ್ಮ ಸುಡುವಷ್ಟು ಕ್ಷಾರ. ಕೂದಲು ನೇರ ಮಾಡಲು ಹಾಕುವ ಕೆರಾಟಿನ್ ಹೆಸರಿನ ಎಷ್ಟೋ ದ್ರಾವಣಗಳು ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ, ಅದು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ. ಅದಿಲ್ಲ ಅಂತ ಮಾರುವ ಗ್ಲಯಾಕ್ಸಿಲಿಕ್ ಆಮ್ಲದ್ದರಿಂದ ಕಿಡ್ನಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಇಷ್ಟೆಲ್ಲ ಮಾಡಿಸಿದರೂ ಬುಡದಲ್ಲಿ ಬರುವ ಹೊಸ ಕೂದಲು ಸುರುಳಿಯೇ. ನೇರ ಕೂದಲು, ಸುರುಳಿ ಕೂದಲು ಸೇರುವ ಆ ಗೆರೆಯಲ್ಲೇ ಮುರಿಯುತ್ತದೆ.

ಶಾಲೆಯಲ್ಲಿ ಎರಡು ಜಡೆ, ರಿಬ್ಬನ್ ಕಡ್ಡಾಯ ಅಂದಿದ್ದೀರಿ. ಜಡೆ ಇರಲಿ, ಹಣೆ ಚರ್ಮ ಎಳೆಯುವಷ್ಟು ಬಿಗಿ ಬೇಡ. ಬಿಗಿ ಜಡೆಯನ್ನೇ ವರ್ಷಗಟ್ಟಲೆ ಹಾಕಿದರೆ ಹಣೆಯಂಚಿನ ಕೂದಲು ಹೋಗುತ್ತದೆ, ತುಂಬಾ ದಿನ ಬಿಟ್ಟರೆ ಮತ್ತೆ ಬರುವುದಿಲ್ಲ. ಬುಡದಲ್ಲಿ ಸಣ್ಣ ಸಣ್ಣ ಗುಳ್ಳೆ ಕಂಡರೆ ಅಥವಾ ಮಗು ತಲೆನೋವು ಅಂದರೆ ಅವತ್ತೇ ಬಿಚ್ಚಿ. ಟೀಚರ್ ಹತ್ತಿರ ಹೋಗಿ ನೇರವಾಗಿ ಮಾತಾಡಿ, ಒಮ್ಮೆ ಹಾಕಿದ ಜಡೆ ವಾರವಿಡೀ ಇರುತ್ತದೆ, ದಿನಾ ಬಾಚುವ ಕೂದಲಲ್ಲ ಇದು ಅಂತ ಹೇಳಿ. ಗದರಿದರೆ ಗದರಲಿ.

ಕೊನೆಗೆ ಇನ್ನೊಂದು. ನೀವು ಹಾಕಿದ ಎರಡನೇ ಫೋಟೋದಲ್ಲಿ ಕಿವಿಯ ಹಿಂದೆ ಒಂದು ದುಂಡು ಜಾಗದಲ್ಲಿ ಕೂದಲು ತೆಳ್ಳಗೆ, ಹೊಟ್ಟು ಹೊಟ್ಟಾಗಿ ಕಾಣುತ್ತಿದೆ. ಬೆಳಕಿನ ದೋಷವೂ ಇರಬಹುದು. ಆದರೆ ಅದು ಹುಳುಕಡ್ಡಿ ಆಗಿದ್ದರೆ ಎಣ್ಣೆಗೂ ಮುಲಾಮಿಗೂ ಬಗ್ಗುವುದಿಲ್ಲ, ತಲೆಯದ್ದಕ್ಕೆ ಮಾತ್ರೆಯೇ ಬೇಕು. ಈ ವಾರವೇ ಚರ್ಮದ ಡಾಕ್ಟರಿಗೆ ತೋರಿಸಿ, ಅಲ್ಲಿಯವರೆಗೆ ಅವಳ ಬಾಚಣಿಗೆ ಬೇರೆ ಯಾರೂ ಬಳಸದಿರಲಿ. ನೀರು ಬೋರ್‌ವೆಲ್ಲಿನದಾ, ಬಾವಿಯದಾ ಅಂತ ಕೆಳಗೆ ಬರೆಯಿರಿ, ಶಾಂಪೂ ಯಾವುದು ಅಂತ ಆಮೇಲೆ ಹೇಳುತ್ತೇನೆ.