ಕೈಮುಗಿಯಲು ಮನಸ್ಸು ಬರುತ್ತಿಲ್ಲ, ಅಕ್ಕಾ

(ಪತ್ರ ನಾಲ್ಕು ಪುಟದ್ದು. ಗುರುತು ಸಿಗುವ ವಿವರ ತೆಗೆದು, ಚಿಕ್ಕದು ಮಾಡಿ ಕೊಟ್ಟಿದ್ದೇನೆ.)

ಅಕ್ಕಾ, ನಾನು ತಿಪಟೂರಿನ ಹತ್ತಿರದ ಹಳ್ಳಿಯವಳು. ವಯಸ್ಸು 42. ನಮ್ಮನೆಯವರಿಗೆ ಎರಡೂ ಕಿಡ್ನಿ ಹೋಗಿ ಎರಡು ವರ್ಷವಾಗುತ್ತಾ ಬಂತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಆರೂಕಾಲರ ಬಸ್ಸಿಗೆ ಹೊರಟರೆ ಮನೆ ಸೇರುವುದು ಮಧ್ಯಾಹ್ನ ಮೂರಕ್ಕೆ. ತೋಟ ನೋಡುವವರಿಲ್ಲ. ಮಗಳು ಸೆಕೆಂಡ್ ಪಿಯು, ಮಗ ಎಂಟನೇ ಕ್ಲಾಸು. ಮದುವೆಯಾದಾಗಿನಿಂದ ಲಿಂಗಪೂಜೆ ತಪ್ಪಿಸಿದವಳಲ್ಲ ನಾನು. ಈಗ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ ರಕ್ತದ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಎಷ್ಟು ಬಂದಿತ್ತು ಅನ್ನುವುದೇ ಕಣ್ಣಮುಂದೆ ಬರುತ್ತದೆ. ವಿಭೂತಿ ಹಚ್ಚಿಕೊಂಡು ಸುಮ್ನೆ ಎದ್ದುಬಿಡುತ್ತೇನೆ. ಎಷ್ಟೋ ದಿನ ಅದೂ ಇಲ್ಲ. ಅತ್ತೆ "ಜೀವ ಉಳಿಸಿದ್ದಾನಲ್ಲ ಶಿವ, ಅಷ್ಟಕ್ಕಾದ್ರೂ ನೆನೀಬಾರ್ದಾ? ನೀನು ಪೂಜೆ ಬಿಟ್ಟಿದ್ದಕ್ಕೇ ಹಿಂಗೆ" ಅನ್ನುತ್ತಾರೆ. ಬೆಂಗಳೂರಿನ ನಾದಿನಿ ದಿನಾ ಬೆಳಿಗ್ಗೆ ವಾಟ್ಸಾಪ್‌ನಲ್ಲಿ "ಇಂದು ಕೃತಜ್ಞರಾಗಿರಲು ಹತ್ತು ಕಾರಣಗಳು" ಅಂತ ಹೂವಿನ ಚಿತ್ರ ಕಳಿಸುತ್ತಾಳೆ. ಓದಿದರೆ ಮೈಯೆಲ್ಲ ಉರಿಯುತ್ತದೆ. ಮೊನ್ನೆ ಮಗಳು "ಅಮ್ಮಾ, ನಿಂಗೆ ದೇವರ ಮೇಲೆ ನಂಬಿಕೆ ಹೋಯ್ತಾ?" ಅಂತ ಕೇಳಿದಳು. ಉತ್ತರ ಹೊರಡದೆ ಒಲೆ ಕಡೆ ತಿರುಗಿಕೊಂಡೆ. ಮನಸ್ಸಿಲ್ಲದೆ ದೀಪ ಹಚ್ಚುವುದು ಮೋಸ ಅಲ್ವಾ ಅಕ್ಕಾ? ಮಗಳಿಗೆ ಏನು ಹೇಳಲಿ?

ಹೆಸರು ಬೇಡ, ತಿಪಟೂರು ತಾಲ್ಲೂಕು

ತಂಗೀ,

ಮೊದಲು ಒಂದು ಮಾತು ಮುಗಿಸಿಬಿಡೋಣ. ಯಜಮಾನರ ಕಿಡ್ನಿ ಹೋಗಿದ್ದಕ್ಕೆ ನೀವು ಯಾರಿಗೂ ಕೃತಜ್ಞರಾಗಿರಬೇಕಿಲ್ಲ. ಶಿವನಿಗೂ ಇಲ್ಲ. "ಇದಕ್ಕಿಂತ ಕೆಟ್ಟದ್ದಾಗಬಹುದಿತ್ತು" ಅನ್ನುವುದು ಸಮಾಧಾನದ ಮಾತೇ. ಆದರೆ ಅದು ನಮಗೆ ನಾವೇ ಹೇಳಿಕೊಳ್ಳಬೇಕಾದ ಮಾತು. ಬೇರೆಯವರು ಹೇಳಿದರೆ ಅಳುವವರ ಬಾಯಿ ಮುಚ್ಚಿಸಿದ ಹಾಗಾಗುತ್ತದೆ.

ನಾದಿನಿಯ ಮೆಸೇಜುಗಳನ್ನು ಮ್ಯೂಟ್ ಮಾಡಿ. ಪಾಪ, ಅವಳಿಗೂ ಅಣ್ಣನೇ ಅಲ್ವಾ. ದೂರದಲ್ಲಿರುವವರಿಗೆ ಏನು ಮಾಡಬೇಕೋ ತೋಚದಿದ್ದಾಗ ಹೂವಿನ ಚಿತ್ರ ಕಳಿಸುತ್ತಾರೆ. ಅವಳಿಗೊಂದು ಕೆಲಸ ಕೊಡಿ. ತಿಂಗಳಿಗೆ ಎರಡು ಶುಕ್ರವಾರ ಬಂದು ಅಣ್ಣನ ಜೊತೆ ಆಸ್ಪತ್ರೆಗೆ ಹೋಗಲಿ. ಬೆಂಗಳೂರಿನಿಂದ ತಿಪಟೂರಿಗೆ ನೇರ ರೈಲಿದೆ. ಆ ಎರಡು ದಿನ ನೀವು ತೋಟಕ್ಕೆ ಹೋಗಿ, ಇಲ್ಲವೇ ಬಾಗಿಲು ಹಾಕಿಕೊಂಡು ಮಲಗಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಮೂರನೇ ಪುಟದ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದ ಒಂದು ಸಾಲು ಕಣ್ಣಿಗೆ ಬಿತ್ತು. "ಕಂಡಕ್ಟರ್ ಒಳ್ಳೆಯವರು, ನಾವು ಹತ್ತುವ ದಿನ ಮುಂದಿನ ಸೀಟಿಗೆ ಟವೆಲ್ ಹಾಕಿಟ್ಟಿರುತ್ತಾರೆ." ಅಷ್ಟೇ. ಮುಂದಿನ ಸಾಲಿನಲ್ಲಿ ಮತ್ತೆ ಪೊಟ್ಯಾಶಿಯಂ, ರಿಪೋರ್ಟು, ಸಾಲ. ನಾಲ್ಕು ಪುಟದ ಸಂಕಟದ ನಡುವೆ ಆ ಟವೆಲ್ ನಿಮಗೆ ನೆನಪಾಯಿತು. ಬಿಡಬಾರದು ಅನ್ನಿಸಿ ಅಂಚಿನಲ್ಲಿ ಜಾಗ ಹುಡುಕಿ ಬರೆದಿರಿ.

'ಕೃತಜ್ಞ' ಅನ್ನುವ ಪದವನ್ನೇ ಬಿಡಿಸಿ ನೋಡಿ. ಕೃತ ಅಂದರೆ ಮಾಡಿದ್ದು. ಜ್ಞ ಅಂದರೆ ತಿಳಿದವನು. ಯಾರು ಏನು ಮಾಡಿದರು ಅಂತ ಬಲ್ಲವನು. ಅದರಲ್ಲಿ ಸಂತೋಷದ ಸುದ್ದಿಯಿಲ್ಲ, ಕಣ್ಣು ಮುಚ್ಚಿ ಮುಗುಳ್ನಗುವ ವಿಷಯವಂತೂ ಇಲ್ಲವೇ ಇಲ್ಲ. ನಮ್ಮ ಹಳಬರು 'ಉಪಕಾರ ಸ್ಮರಣೆ' ಅನ್ನುತ್ತಿದ್ದರಲ್ಲ, ಅದೂ ಇದೇ. ನೆನಪಿಟ್ಟುಕೊಳ್ಳುವುದು. ಮೈ ಉರಿಯುತ್ತಿದ್ದರೂ ನೆನಪಿಟ್ಟುಕೊಳ್ಳಬಹುದು. ನೀವು ಟವೆಲ್ ನೆನಪಿಟ್ಟಿದ್ದೀರಿ.

ಹಾಗೆ ನೋಡಿದರೆ ನಮ್ಮ ಮನೆಗಳಲ್ಲಿ ಯಾರೂ ಯಾರಿಗೂ ಧನ್ಯವಾದ ಹೇಳುವುದಿಲ್ಲ. ಊಟ ಬಡಿಸಿದ ಅಮ್ಮನಿಗೆ ಧನ್ಯವಾದ ಅಂದರೆ "ಏನಾಯ್ತೋ ನಿಂಗೆ?" ಅಂತ ಹಣೆ ಮುಟ್ಟಿ ನೋಡುತ್ತಾಳೆ. "ಪುಣ್ಯಾತ್ಮ, ಹೊತ್ತಿಗಾದೆ" ಅನ್ನುತ್ತೇವೆ. "ನಿನ್ನ ಹೊಟ್ಟೆ ತಣ್ಣಗಿರಲಿ" ಅನ್ನುತ್ತೇವೆ. ಎಲ್ಲವೂ ಒಬ್ಬ ಮನುಷ್ಯನ ಮುಖ ನೋಡಿ ಹೇಳುವ ಮಾತು. ಎತ್ತಲೋ ನೋಡಿಕೊಂಡು ಸುಮ್ಮನೆ ಕೃತಜ್ಞರಾಗಿರುವುದು ನಮಗೆ ಅಭ್ಯಾಸವಿಲ್ಲ. ನನಗಂತೂ ಬರುವುದೇ ಇಲ್ಲ.

ನಮ್ಮಮ್ಮ ಲಕ್ವ ಹೊಡೆದು ಮೂರು ವರ್ಷ ಹಾಸಿಗೆ ಹಿಡಿದಿದ್ದಳು. ಆಗ ನನಗೆ ನಿಮ್ಮದೇ ವಯಸ್ಸು. ಅಡುಗೆಮನೆ ಗೋಡೆಯ ಮೇಲೆ ಹಾಲಿನ ಲೆಕ್ಕದ ಕ್ಯಾಲೆಂಡರ್ ಇತ್ತು. ದಿನಾ ಅರ್ಧ ಲೀಟರೋ ಒಂದು ಲೀಟರೋ ಬರೆಯುವ ಚೌಕದಲ್ಲೇ ಒಂದು ದಿನ ಯಾಕೋ ಇನ್ನೂ ಮೂರು ಪದ ಸೇರಿಸಿದೆ. "½ ಲೀ. ಎದುರುಮನೆಯವರು ಬೆಡ್‌ಶೀಟ್ ಒಗೆದರು." ಮಾರನೇ ದಿನ "½ ಲೀ. ಔಷಧಿ ಅಂಗಡಿ ಹುಡುಗ ಮನೆಗೇ ತಂದುಕೊಟ್ಟ." ಇನ್ನೊಂದು ದಿನ "1 ಲೀ. ಇವತ್ತು ಯಾರೂ ಬರಲಿಲ್ಲ." ಅದನ್ನೂ ಬರೆದೆ, ಸಿಟ್ಟಿನಿಂದಲೇ. ವರ್ಷ ಮುಗಿದ ಮೇಲೆ ಆ ಕ್ಯಾಲೆಂಡರ್ ಬಿಸಾಡಲು ಕೈ ಬರಲಿಲ್ಲ. ಆ ಮೂರು ವರ್ಷ ನಾನು ದೇವರಮನೆಯಲ್ಲಿ ಕಸ ಗುಡಿಸಿದ್ದೇನೆ, ದೀಪಕ್ಕೆ ಎಣ್ಣೆ ಹಾಕಿದ್ದೇನೆ, ಕೈ ಮಾತ್ರ ಮುಗಿದಿಲ್ಲ. ಆಮೇಲೆ ಮುಗಿದೆನೇ? ಮುಗಿದೆ. ಯಾವ ದಿನದಿಂದ ಅಂತ ಕೇಳಿದರೆ ನೆನಪಿಲ್ಲ.

ಈಗ ನಿಮ್ಮ ದೀಪದ ವಿಷಯ. ಮೋಸ ಅಲ್ವಾ ಅಂತ ಕೇಳಿದ್ದೀರಿ. ಮಕ್ಕಳಿಗೆ ಮುದ್ದೆ ತಿರುವುವಾಗ ದಿನಾ ಪ್ರೀತಿ ಉಕ್ಕುತ್ತದೆಯೇ? ಎಷ್ಟೋ ದಿನ ತೋಳು ನೋಯುತ್ತಿರುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಆದರೂ ಅದನ್ನು ಮೋಸದ ಮುದ್ದೆ ಅನ್ನಲ್ಲ. ಹೊಟ್ಟೆ ತುಂಬುತ್ತದೆ. ಹಚ್ಚಬೇಕು ಅನ್ನಿಸಿದರೆ ಹಚ್ಚಿ. ಆಗದ ದಿನ ಮಗಳು ಹಚ್ಚಲಿ. ಯಾರೂ ಹಚ್ಚದ ದಿನವೂ ಬರುತ್ತದೆ, ಆಗ ಆ ಹೊತ್ತಿಗೆ ನೀವು ಬಸ್ಸಿನಲ್ಲಿರುತ್ತೀರಿ.

ಇನ್ನೊಂದು ಸಾಲು ಬರೆದಿದ್ದಿರಿ, ನಿಮಗೆ ಅದು ಪೂಜೆಯ ವಿಷಯ ಅಂತ ಅನ್ನಿಸಿರಲಿಕ್ಕಿಲ್ಲ. ರಾತ್ರಿ ಮಲಗುವ ಮುಂಚೆ ಯಜಮಾನರ ಎಡಗೈಯ ಫಿಸ್ಟುಲಾ ಮೇಲೆ ಅಂಗೈ ಇಟ್ಟು, ಒಳಗೆ 'ಜುಂ' ಅನ್ನುತ್ತಿದೆಯಾ ಅಂತ ನೋಡುತ್ತೇನೆ ಅಂತ. ಡಯಾಲಿಸಿಸ್ ಇರುವ ಮನೆಯವರಿಗೆ ಇದು ಗೊತ್ತು. ಸೂಜಿ ಹಾಕಲೆಂದು ಆಪರೇಷನ್ ಮಾಡಿ ರಕ್ತನಾಳಗಳನ್ನು ಸೇರಿಸಿದ ಜಾಗ ಅದು. ಮುಟ್ಟಿದರೆ ಜೇನುಗೂಡಿನ ಹಾಗೆ ಅದುರುತ್ತದೆ. ಆ ಅದುರು ನಿಂತರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಲಿಂಗ ಹಿಡಿದು ಕೂತರೆ ಮನಸ್ಸು ನಿಲ್ಲುವುದಿಲ್ಲ ಅಂದಿರಿ. ಇಲ್ಲಿ ನಿಲ್ಲುತ್ತದೆ ಅಲ್ವಾ? ಉಸಿರು ಬಿಗಿಹಿಡಿದು, ಬೇರೇನೂ ಯೋಚಿಸದೆ, ಅಂಗೈಯಲ್ಲೇ ಕೇಳಿಸಿಕೊಳ್ಳುತ್ತೀರಿ. ಇದನ್ನೇ ಪೂಜೆ ಅಂದುಕೊಳ್ಳಿ ಅಂತ ನಾನು ಹೇಳುವುದಿಲ್ಲ, ಹೇಳಲು ನಾನು ಯಾರು? ಆದರೆ ನಿಮ್ಮ ಅಂಗೈ ಖಾಲಿಯಾಗಿದೆ ಅಂತ ಮಾತ್ರ ನನಗೆ ಅನ್ನಿಸಲಿಲ್ಲ.

ಸಿಟ್ಟಿನ ವಿಷಯಕ್ಕೆ ನಾಚಿಕೆ ಬೇಡ. ನಮ್ಮ ಕಡೆ ದೇವರನ್ನು ಬೈದ ಭಕ್ತರೇನು ಕಡಿಮೆಯೇ? ಅದಕ್ಕೆ ನಿಂದಾಸ್ತುತಿ ಅಂತ ಹೆಸರೇ ಇದೆ. ಕಣ್ಣಿಲ್ಲವೇ, ಕಿವುಡನೇ, ಕಲ್ಲೇ ಅಂತೆಲ್ಲ ಮುಖಕ್ಕೇ ಕೇಳಿದವರಿದ್ದಾರೆ. ಅವರ ಹಾಡನ್ನು ಗುಡಿಯಲ್ಲೇ ಹಾಡುತ್ತೇವೆ. ಇಲ್ಲವೇ ಇಲ್ಲ ಅಂತ ತೀರ್ಮಾನಿಸಿದವನ ಜೊತೆ ಯಾರೂ ಜಗಳಕ್ಕೆ ನಿಲ್ಲುವುದಿಲ್ಲ. ಮಗಳಿಗೂ ಇದನ್ನೇ ಹೇಳಿ: "ನಂಬಿಕೆ ಹೋಗಿದೆಯೋ ಇಲ್ಲವೋ ನಂಗೇ ಗೊತ್ತಿಲ್ಲ ಕಣೇ. ಸದ್ಯಕ್ಕೆ ಜಗಳ ಆಡ್ತಿದ್ದೀನಿ." ಹದಿನೇಳರ ಹುಡುಗಿಗೆ ಇದು ಅರ್ಥವಾಗುತ್ತದೆ. ನೀವು ಒಲೆ ಕಡೆ ತಿರುಗಿಕೊಂಡದ್ದೂ ಅವಳಿಗೆ ಅರ್ಥವಾಗಿದೆ. ಬಹುಶಃ ಅವಳು ದೇವರ ಬಗ್ಗೆ ಕೇಳಲಿಲ್ಲ. ಅಮ್ಮ ಕೈಬಿಡುತ್ತಿದ್ದಾಳಾ ಅಂತ ಕೇಳಿದಳು.

ಅತ್ತೆಯ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. "ನೀನು ಪೂಜೆ ಬಿಟ್ಟಿದ್ದಕ್ಕೇ" ಅನ್ನುವುದು ತಪ್ಪು ಮಾತು. ಅದನ್ನು ನೀವು ನುಂಗಬೇಕಿಲ್ಲ. ಮೊದಲು ಕೆಟ್ಟದ್ದು ಕಿಡ್ನಿ, ಆಮೇಲೆ ನಿಂತದ್ದು ಪೂಜೆ. ಕಿಡ್ನಿ ಕೆಡಿಸುವುದರಲ್ಲಿ ಶುಗರ್ ಮತ್ತು ಬಿಪಿ ಮುಂದಿವೆ. ಪೂಜೆ ಬಿಟ್ಟ ಸೊಸೆ ಯಾವ ಡಾಕ್ಟರ ಪಟ್ಟಿಯಲ್ಲೂ ಇಲ್ಲ. ಮುಂದಿನ ಸಲ ಅತ್ತೆಯನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ. ನಾಲ್ಕು ಗಂಟೆ ಮಗನ ರಕ್ತ ಪೈಪಿನಲ್ಲಿ ಹೊರಗೆ ಹೋಗಿ ಒಳಗೆ ಬರುವುದನ್ನು ಅವರು ಒಮ್ಮೆಯೂ ನೋಡಿಲ್ಲ ಅಂತ ಬರೆದಿದ್ದೀರಿ. ನೋಡದಿದ್ದರೆ ಮನಸ್ಸು ಇನ್ನೂ ಕೆಟ್ಟದ್ದನ್ನೇ ಕಟ್ಟಿಕೊಳ್ಳುತ್ತದೆ.

ಅವರ ಕಷ್ಟ ಏನು ಗೊತ್ತಾ? ಮಗನಿಗೆ ಏನು ಕೊಡಬೇಕು ಅನ್ನಿಸುತ್ತದೋ ಅದೆಲ್ಲ ಈಗ ವಿಷ. ತೆಂಗಿನ ನಾಡಿನಲ್ಲಿ ಹುಟ್ಟಿ, ತೆಂಗಿನಲ್ಲೇ ಬದುಕಿದ ಹೆಂಗಸು. ಕಾಯಿಲೆಯವರಿಗೆ ಎಳನೀರು ಕೊಡಬೇಕು ಅಂತ ಅವರ ಕೈಗೇ ಗೊತ್ತು. ಮಗನಿಗೆ ಅದು ಕೊಡುವಂತಿಲ್ಲ, ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಕೆಟ್ಟ ಕಿಡ್ನಿ ಅದನ್ನು ಹೊರಹಾಕಲಾರದು. ಬಾಳೆಹಣ್ಣಿಲ್ಲ. ನೀರು ಕೂಡ ಅಳೆದು. ಸೊಪ್ಪು, ತರಕಾರಿ ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಬೇಕು. "ಕಟ್ಟು ಚೆಲ್ಲುವ ಮನೆ ಉದ್ಧಾರ ಆಗುತ್ತಾ" ಅಂತ ಅವರು ಕೂಗಾಡಿದ್ದನ್ನು ಬರೆದಿದ್ದೀರಲ್ಲ, ಅದನ್ನು ಓದಿ ನನಗೆ ಸಿಟ್ಟು ಬರಲಿಲ್ಲ, ಪಾಪ ಅನ್ನಿಸಿತು. ಬಸ್ಸಾರಿನ ಮನೆಯಲ್ಲಿ ಬೆಳೆದವರ ಕಣ್ಣೆದುರು ಕಟ್ಟು ಬಚ್ಚಲಿಗೆ ಹೋದರೆ ಹೊಟ್ಟೆ ಉರಿಯದೇ ಇರುತ್ತದೆಯೇ?

ಹಾಗಾಗಿ ಆ ಕೆಲಸವನ್ನು ಅವರಿಗೇ ಒಪ್ಪಿಸಿ. ಮಗನ ತರಕಾರಿ ಹೆಚ್ಚುವುದು, ಬೇಯಿಸುವುದು, ಬಸಿಯುವುದು ಅತ್ತೆಯ ಪಾಲಿಗಿರಲಿ. ಎಷ್ಟು ಹೊತ್ತು, ಎಷ್ಟು ನೀರು, ಯಾವ ತರಕಾರಿ ಅಂತ ಆಸ್ಪತ್ರೆಯಲ್ಲಿ ಕೇಳಿಕೊಂಡು ಹೇಳಿಕೊಡಿ. ಬಸಿದ ಕಟ್ಟಿನಲ್ಲಿ ನಿಮಗೂ ಮಕ್ಕಳಿಗೂ ಬಸ್ಸಾರು ಮಾಡಲಿ, ಅವರದ್ದೇ ಒಗ್ಗರಣೆ ಹಾಕಲಿ. ನಿಮಗೆಲ್ಲ ಅದರಿಂದ ಏನೂ ಆಗುವುದಿಲ್ಲ. ಚೆಲ್ಲಿದ ಪಾಪವೂ ಇಲ್ಲ, ಮಗನಿಗೆ ಏನೂ ಮಾಡಲಾಗಲಿಲ್ಲ ಅನ್ನುವ ಕೊರಗೂ ಇಲ್ಲ. ಕೈಗೆ ಕೆಲಸ ಬಂದರೆ ಬಾಯಿ ಸ್ವಲ್ಪ ತಣ್ಣಗಾಗುತ್ತದೆ. ಪೂರ್ತಿ ಆಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ, ಅತ್ತೆ ಅತ್ತೆಯೇ.

ಒಂದೇ ಒಂದು ವಿಷಯದಲ್ಲಿ ಅವರ ಮಾತು ಕೇಳಬೇಡಿ. ಡಯಾಲಿಸಿಸ್ ಬಿಟ್ಟು ನಾಟಿ ಔಷಧಿ ಕುಡಿಸೋಣ, ಹರಕೆಗೆ ಬೆಟ್ಟ ಹತ್ತಿಸೋಣ ಅಂದರೆ ಖಂಡಿತ ಬೇಡ ಅನ್ನಿ. ಬೇರು, ಕಷಾಯ ಏನೇ ಆದರೂ ಡಾಕ್ಟರಿಗೆ ಹೇಳದೆ ಒಂದು ಚಮಚವೂ ಬೇಡ. ಮದುವೆ, ಜಾತ್ರೆ, ಹಬ್ಬ ಯಾವುದಕ್ಕೂ ಒಂದು ಪಾಳಿ ತಪ್ಪಿಸಬೇಡಿ. ಹರಕೆ ತೀರಿಸಲೇಬೇಕು ಅಂದರೆ ಅತ್ತೆ ತಾವೇ ಹೋಗಿ ತೀರಿಸಿ ಬರಲಿ.

ಕಿಡ್ನಿ ಕಸಿಯ ಬಗ್ಗೆ ಡಾಕ್ಟರ್ ಮಾತು ತೆಗೆದರೆ ನೀವು ಎದ್ದು ಹೊರಗೆ ಬರುತ್ತೀರಂತೆ. ಒಮ್ಮೆ ಕೂತು ಪೂರ್ತಿ ಕೇಳಿಸಿಕೊಳ್ಳಿ. ಹತ್ತಿರದ ಸಂಬಂಧಿಗಳು ಕೊಡಬಹುದು. ಅದಾಗದಿದ್ದರೆ ಕಸಿ ಮಾಡುವ ಆಸ್ಪತ್ರೆಯ ಮೂಲಕ, ಅಂಗದಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸಬಹುದು. ಕಾಯಬೇಕಾಗುತ್ತದೆ, ಖರ್ಚಿನ ಮಾತೂ ಇದೆ. ಆಯುಷ್ಮಾನ್ ಕಾರ್ಡಿನಲ್ಲಿ ಏನೇನು ಸಿಗುತ್ತದೆ ಅಂತ ಆಸ್ಪತ್ರೆಯಲ್ಲೇ ಕೇಳಿ. ಕೇಳಿದ ಮಾತ್ರಕ್ಕೆ ಒಪ್ಪಿದ ಹಾಗಲ್ಲ.

ಯಜಮಾನರ ಬಗ್ಗೆ ನೀವು ಬರೆದಿರುವುದು ಎರಡೇ ಸಾಲು. "ಅವರು ಏನೂ ಮಾತಾಡಲ್ಲ. ಸಿದ್ಧಗಂಗೆಯಲ್ಲಿ ಓದಿದವರು, ಮೊದಲು ಹೀಗಿರಲಿಲ್ಲ." ಸಿದ್ಧಗಂಗೆಯ ದಾಸೋಹದಲ್ಲಿ ಸಾವಿರಾರು ಮಕ್ಕಳ ಸಾಲಿನಲ್ಲಿ ಕೂತು ಉಂಡ ಹುಡುಗ ಅವರು. ಅಲ್ಲಿ ತಟ್ಟೆ ಮುಂದಿಟ್ಟುಕೊಂಡವನನ್ನು ಯಾವ ಜಾತಿ ಅಂತಲೂ ಕೇಳುವುದಿಲ್ಲ, ಋಣ ಹೇಗೆ ತೀರಿಸುತ್ತೀಯ ಅಂತಲೂ ಕೇಳುವುದಿಲ್ಲ. ಬಡಿಸುವವರೇ ಬಗ್ಗಿ ಬಡಿಸುತ್ತಾರೆ. ಹಾಗೆ ಉಂಡು ಬೆಳೆದವರಿಗೆ ಹೆಂಡತಿಯ ಕೈಯಲ್ಲಿ ಆರೈಕೆ ಮಾಡಿಸಿಕೊಳ್ಳುವುದು ಈಗ ಭಾರವಾಗಿದೆ. ಈ ದಾಸೋಹದ ಮಾತು ನೀವೇ ಒಮ್ಮೆ ತೆಗೆಯಿರಿ. ಜೊತೆಗೆ ಒಂದಿಷ್ಟು ಕೆಲಸ ಕೊಡಿ. ಕಾಯಿ ಲೆಕ್ಕ, ಕೂಲಿಯವರ ಲೆಕ್ಕ, ಅಟ್ಟದ ಮೇಲಿನ ಕೊಬ್ಬರಿ ಯಾವಾಗ ಇಳಿಸಬೇಕು ಅನ್ನುವ ತೀರ್ಮಾನ ಅವರದ್ದೇ ಇರಲಿ. ಮಗನ ಗಣಿತವೂ ಇದೆ.

ಕೊನೆಗೆ ನಿಮ್ಮ ಸ್ವಂತದ್ದು. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ ಅಂದಿದ್ದೀರಿ. ಎಲ್ಲ ಮುಗಿದರೆ ಸಾಕು ಅನ್ನಿಸುವ ದಿನಗಳೇನಾದರೂ ಇದ್ದರೆ ಮುಚ್ಚಿಟ್ಟುಕೊಳ್ಳಬೇಡಿ. 14416 ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರನ್ನು ನಿಮ್ಮ ಅಡುಗೆಮನೆ ಕ್ಯಾಲೆಂಡರಿನ ಮೇಲೆ ಬರೆದಿಡಿ. ಮಗಳಿಗೂ ಕಾಣುವ ಹಾಗಿರಲಿ.

ಎರಡು ವರ್ಷದಿಂದ ಸೀಟು ಹಿಡಿಯುತ್ತಿರುವ ಮನುಷ್ಯನ ಹೆಸರು ನಿಮ್ಮ ಪತ್ರದಲ್ಲೆಲ್ಲೂ ಇಲ್ಲ. ಬರೀ ಕಂಡಕ್ಟರ್ ಅಂತಿದೆ. ಬುಧವಾರ ಟಿಕೆಟ್ ತೆಗೆದುಕೊಳ್ಳುವಾಗ ಅವರ ಹೆಸರು ಕೇಳಿ.

ನಿಮ್ಮ,
ಅಕ್ಕ